ಹತ್ತಿರ ಬರುವ ತಿಮಿಂಗಿಲ

ಮೂವತ್ತೊಂದನೆಯದೂ ಅದೇ.

ಅವನು ಪರದೆಯ ಮೇಲಿನ ಸಾಲುಗಳನ್ನು ಬೆರಳಿಟ್ಟು ಮತ್ತೊಮ್ಮೆ ಓದಿದ. ವಂಶವಾಹಿಯ ಹದಿನಾರು ಗುರುತುಗಳು, ಹದಿನಾರೂ ತಾಳೆಯಾಗುತ್ತಿದ್ದವು. ಅವಳಿಜವಳಿ ಎಂದುಕೊಳ್ಳೋಣವೆಂದರೆ ಮೂವತ್ತೊಂದನ್ನು ಒಟ್ಟಿಗೆ ಯಾವ ತಾಯಿ ಹೆತ್ತಾಳು? ಧ್ರುವದ ಸಮುದ್ರದಿಂದ ನಲವತ್ತೆಂಟು ಟ್ಯೂಬುಗಳು ಬಂದಿದ್ದವು, ಒಂದೊಂದರಲ್ಲೂ ಉಗುರಿನಷ್ಟು ತಿಮಿಂಗಿಲದ ಚರ್ಮ. ನಲವತ್ತೆಂಟು ಟ್ಯೂಬು ಎಂದರೆ ನಲವತ್ತೆಂಟು ತಿಮಿಂಗಿಲ ಎಂದು ವರದಿ ಆಗಲೇ ಅಚ್ಚಾಗಿ, ನೀಲಿ ರಟ್ಟು ಹಾಕಿಸಿಕೊಂಡು, ಮೇಜಿನ ಮೇಲೆ ಕೂತಿತ್ತು. ಈಗ ನೋಡಿದರೆ ಮೂವತ್ತೊಂದು ಟ್ಯೂಬುಗಳಲ್ಲಿ ಇದ್ದದ್ದು ಒಂದೇ ಪ್ರಾಣಿ.

ಈ ಸಂಸ್ಥೆಯಲ್ಲಿ ವರದಿ ಮೊದಲು, ಪರೀಕ್ಷೆ ಆಮೇಲೆ. ಅದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಸಮಿತಿ ಸೇರುವುದಿತ್ತು. ಅರವತ್ತು ವರ್ಷ ನಿಂತಿದ್ದ ಬೇಟೆಗೆ ಮತ್ತೆ ಅನುಮತಿ ಕೊಡಬೇಕೇ ಬೇಡವೇ ಎಂಬುದು ಅಲ್ಲಿ ತೀರ್ಮಾನವಾಗಬೇಕು. ನಲವತ್ತೆಂಟಿದ್ದರೆ ವರ್ಷಕ್ಕೆ ಆರನ್ನು ಹೊಡೆಯಬಹುದು. ಹದಿನೆಂಟೇ ಆದರೆ ಒಂದನ್ನೂ ಮುಟ್ಟುವಂತಿಲ್ಲ. ಆ ಹದಿನೆಂಟರ ಲೆಕ್ಕ ಇಡೀ ಜಗತ್ತಿನಲ್ಲಿ ಈ ಹೊತ್ತು ಅವನೊಬ್ಬನಿಗೆ ಗೊತ್ತಿತ್ತು.

ಅವನು ಹದಿನಾಲ್ಕು ವರ್ಷದಿಂದ ತಿಮಿಂಗಿಲಗಳ ಮೇಲೆ ಕೆಲಸ ಮಾಡುತ್ತಿದ್ದ, ಒಂದನ್ನೂ ಕಂಡಿರಲಿಲ್ಲ. ಸಮುದ್ರವನ್ನು ಎರಡು ಸಲ ಕಂಡಿದ್ದ, ಎರಡು ಸಲವೂ ತಲೆನೋವು ಬಂದಿತ್ತು.

ಸಂಸ್ಥೆಯಲ್ಲಿ ಎಲ್ಲರೂ ಅವನನ್ನು ಅಳಿಯ ಎನ್ನುತ್ತಿದ್ದರು, ಎದುರಿಗೆ ಅಳಿಯಂದಿರು. ನಿರ್ದೇಶಕರು ಅವನ ಹೆಂಡತಿಯ ಅಪ್ಪ. ಲೆಕ್ಕದ ವಿಭಾಗದಲ್ಲಿ ನಿರ್ದೇಶಕರ ತಮ್ಮ, ಗ್ರಂಥಾಲಯದಲ್ಲಿ ದೊಡ್ಡಪ್ಪನ ಮಗ, ಉಗ್ರಾಣದಲ್ಲಿ ಅವನ ಅಣ್ಣ. ಹತ್ತೂವರೆಗೆ ಚಹಾದ ಕೋಣೆಗೆ ಹೋದರೆ ಒಂದೇ ಮೂಗು ಹನ್ನೆರಡು ಲೋಟಗಳ ಮೇಲೆ ಬಾಗಿರುತ್ತಿತ್ತು. ವಂಶವೈವಿಧ್ಯದ ಅಧ್ಯಯನಕ್ಕೆ ಮೀಸಲಾದ ಸಂಸ್ಥೆ ಅದು.

ಚರ್ಮ ತಂದವನು ಹೆಂಡತಿಯ ತಮ್ಮ. ದೋಣಿಯ ಮೇಲೆ ನಿಂತು, ಬಿಲ್ಲಿನಂಥದೊಂದು ಯಂತ್ರದಿಂದ ಪೊಳ್ಳು ಬಾಣ ಬಿಟ್ಟು, ಅದರ ತುದಿಗೆ ಅಂಟಿ ಬಂದ ಚೂರನ್ನು ಟ್ಯೂಬಿಗೆ ಹಾಕುವುದು ಅವನ ಕೆಲಸ. ಈಗ ಉಗ್ರಾಣದಲ್ಲಿ ಒದ್ದೆ ಹಗ್ಗ ಸುತ್ತುತ್ತಿದ್ದ.

“ಮೂವತ್ತೊಂದು ಒಂದೇ ಬಂದಿದೆ,” ಎಂದ ಅಳಿಯ.

“ಒಂದೇ ಅಂದ್ರೆ?”

“ಒಂದೇ ಪ್ರಾಣಿ. ಒಂದಕ್ಕೇ ಮೂವತ್ತೊಂದು ಸಲ ಹೊಡೆದಿದ್ದೀಯ.”

ಭಾವಮೈದ ಹಗ್ಗ ಬಿಡಲಿಲ್ಲ. “ಓ, ಅದಾ! ಬಲಗಣ್ಣಿನ ಹತ್ರ ಬಿಳಿ ಮಚ್ಚೆ ಇತ್ತು. ನಂಗೂ ಅನುಮಾನ ಇತ್ತು ಭಾವ.”

“ಅನುಮಾನ ಇತ್ತಾ? ಮತ್ತೆ ಯಾಕೆ ಹೊಡೆದೆ?”

“ಇನ್ನೇನ್ ಮಾಡ್ಲಿ? ಉಳಿದವು ದೋಣಿ ಸದ್ದು ಕೇಳಿದ್ರೆ ಸಾಕು, ಎದ್ದೆವೋ ಬಿದ್ದೆವೋ ಅಂತ ಓಡ್ತವೆ. ಇದೊಂದೇ ಹತ್ರ ಬರ್ತಿತ್ತು. ನಲವತ್ತೆಂಟು ಟ್ಯೂಬು ತುಂಬಿಸ್ಕೊಂಡು ಬಾ ಅಂತ ಅಪ್ಪ ಕಳಿಸಿದ್ದು. ಖಾಲಿ ತಂದಿದ್ರೆ ಅವರು ಸುಮ್ನಿರ್ತಿದ್ರಾ?”

“ಅದಕ್ಕೆ ನೋವಾಗ್ತಿರ್ಲಿಲ್ವಾ?”

ಭಾವಮೈದ ಮೊದಲ ಸಲ ಕೈ ನಿಲ್ಲಿಸಿದ. “ಅದೇ ನೋಡಿ ಭಾವ. ಬಾಣ ನಾಟಿದಾಗ ಒಂದ್ಸಲ ಮುಳುಗೋದು. ಆಮೇಲೆ ಮತ್ತೆ ಬರೋದು. ಈ ಕಡೆ ಹೊಡೆದ್ರೆ ತಿರುಗಿ ಆ ಕಡೆ ಕೊಡೋದು. ಎಂಜಿನ್ ಆಫ್ ಮಾಡಿದ್ರೆ ಹೊರಟುಹೋಗ್ತಿತ್ತು, ಆನ್ ಮಾಡಿದ್ರೆ ಹಾಜರ್. ಎಂಜಿನ್ನನ್ನೇ ಅದರ ಪೈಕಿ ಯಾರೋ ಅಂದ್ಕೊಂಡಿತ್ತೇನೋ, ಪಾಪ. ಆ ಕಡೆ ಐಸೆಲ್ಲ ಒಡೆದು ಚೂರು ಚೂರು. ಗುಂಪಿನಿಂದ ತಪ್ಪಿಸ್ಕೊಂಡಿರಬೇಕು.”

ಆಮೇಲೆ ಅವನು ಹಗ್ಗದ ಇನ್ನೊಂದು ಸುರುಳಿಗೆ ಕೈ ಹಾಕಿದ. ಅಳಿಯ ತನ್ನ ಕೋಣೆಗೆ ಹಿಂದಿರುಗಿದ.

ಅವನ ಕಪಾಟಿನಲ್ಲಿ ಹಳೆಯ ಮೂಳೆಗಳ ಪೆಟ್ಟಿಗೆಯೊಂದಿತ್ತು. ಮುನ್ನೂರು ವರ್ಷದ ಹಿಂದೆ ಬೇಟೆಗಾರರು ಅದೇ ಸಮುದ್ರದ ದಂಡೆಯಲ್ಲಿ ಬಿಟ್ಟುಹೋದ ದವಡೆಗಳ ಚೂರು. ಅವುಗಳಲ್ಲಿ ಹನ್ನೊಂದು ತಾಯಿವಂಶಗಳು ಸಿಕ್ಕಿದ್ದವು. ಈಗ ಉಳಿದಿದ್ದದ್ದು ಮೂರು. ನಿಧಾನಕ್ಕೆ ಈಜುವ, ಸತ್ತ ಮೇಲೆ ಮುಳುಗದೆ ತೇಲುವ, ದೋಣಿ ಕಂಡರೆ ಏನಿದು ಎಂದು ನೋಡಲು ಬರುವ ತಿಮಿಂಗಿಲಗಳನ್ನು ಹೊಡೆಯುವುದು ಸುಲಭವಾಗಿತ್ತು. ನೋಡಲು ಬಂದವೆಲ್ಲ ಎಣ್ಣೆಯಾಗಿ ದೀಪಗಳಲ್ಲಿ ಉರಿದುಹೋದವು. ಹೆದರಿ ಓಡಿದವು ಮಕ್ಕಳನ್ನು ಹೆತ್ತವು. ಈಗಿನ ಸಮುದ್ರವೆಲ್ಲ ಪುಕ್ಕಲರ ಸಂತಾನ ಎಂದು ಅವನು ಒಮ್ಮೆ ಬರೆದಿದ್ದ, ಮಾವ ಆ ಸಾಲನ್ನು ಹೊಡೆದುಹಾಕಿದ್ದರು.

ಹೆಂಡತಿಗೆ ಫೋನು ಮಾಡಿದ.

“ಹೇಳಲೋ ಬೇಡವೋ ಗೊತ್ತಾಗ್ತಿಲ್ಲ,” ಎಂದ, ಎಲ್ಲವನ್ನೂ ಹೇಳಿ.

“ಅಪ್ಪ ಇನ್ನೆರಡು ತಿಂಗಳಿಗೆ ರಿಟೈರಾಗ್ತಾರೆ,” ಎಂದಳು ಅವಳು.

“ನಾನು ತಿಮಿಂಗಿಲದ ವಿಷಯ ಹೇಳ್ತಿದ್ದೀನಿ.”

“ನಾನೂ ಅದನ್ನೇ ಹೇಳ್ತಿರೋದು. ಬರ್ತಾ ಬಲ್ಬ್ ತನ್ನಿ, ಬಚ್ಚಲಮನೆದು ಹೋಗಿದೆ.”

ಮಾವ ಕೋಣೆಯಲ್ಲಿ ಕನ್ನಡಕ ಒರೆಸುತ್ತಿದ್ದರು. ಅವನು ಹೇಳಿದ್ದನ್ನು ಪೂರ್ತಿ ಕೇಳಿದರು. ಅದು ಅವರ ದೊಡ್ಡ ಗುಣ. ಎಲ್ಲವನ್ನೂ ಪೂರ್ತಿ ಕೇಳಿ, ಆಮೇಲೆ ಕೇಳಿಲ್ಲದವರಂತೆ ಮಾತಾಡುತ್ತಿದ್ದರು.

“ಊಟ ಆಯ್ತಾ?”

“ಇಲ್ಲ ಸಾರ್.”

“ಊಟ ಮಾಡಿ. ಹಸಿದ ಹೊಟ್ಟೇಲಿ ಎಲ್ಲಾ ಒಂದೇ ತರ ಕಾಣತ್ತೆ.”

ಅವನು ಹೊರಗೆ ಬಂದ. ಕಾರಿಡಾರಿನ ಕೊನೆಯಲ್ಲಿ, ಕೆಟ್ಟುಹೋದ ತಕ್ಕಡಿಯ ಪಕ್ಕ, ದಾದಿಯೊಬ್ಬಳು ಮಡಿಸುವ ಮೇಜು ಹಾಕಿಕೊಂಡು ಕೂತಿದ್ದಳು. ನೌಕರರ ಆರೋಗ್ಯ ತಪಾಸಣೆಯಂತೆ; ಇಪ್ಪತ್ತೆರಡೂ ಮಂದಿ ಸಂಜೆ ಐದರೊಳಗೆ ರಕ್ತ ಕೊಡತಕ್ಕದ್ದು ಎಂದು ಗೋಡೆಗೆ ಚೀಟಿ ಅಂಟಿತ್ತು. ಮೇಜಿನ ಮೇಲೆ ಇಪ್ಪತ್ತೆರಡು ಖಾಲಿ ಟ್ಯೂಬುಗಳು. ನಿರ್ದೇಶಕರ ತಮ್ಮ ಆ ಮೂಲೆಯವರೆಗೆ ಬಂದು, ಸೂಜಿ ಕಂಡು, ಏನೋ ಮರೆತವರಂತೆ ಹಣೆ ಬಡಿದುಕೊಂಡು ಹಿಂದಕ್ಕೆ ತಿರುಗಿದರು.

“ಬನ್ನಿ ಅಳಿಯಂದಿರೇ,” ಎಂದಳು ದಾದಿ. ಆ ಹೆಸರು ಅವಳಿಗೂ ಗೊತ್ತಾಗಿಬಿಟ್ಟಿತ್ತು.

“ಮೀಟಿಂಗ್ ಮುಗಿಸ್ಕೊಂಡು ಬರ್ತೀನಿ.”

“ಎಲ್ಲರೂ ಹಾಗೇ ಹೇಳಿ ಹೋದ್ರು.”

ಸಮಿತಿಯ ಏಳು ಜನರ ಮುಂದೆ ಏಳು ನೀಲಿ ರಟ್ಟುಗಳಿದ್ದವು. ಯಾರೂ ತೆರೆದಿರಲಿಲ್ಲ. ಅಧ್ಯಕ್ಷರು ದಪ್ಪಗೆ, ಒಳ್ಳೆಯವರ ಹಾಗೆ ಕಾಣುವ ಮನುಷ್ಯ. ಮಾವ ಎದ್ದು, ನಲವತ್ತೆಂಟು ತಿಮಿಂಗಿಲಗಳ ಪರವಾಗಿ ಸ್ವಾಗತ ಕೋರಿದರು. ಕೆಲವರು ನಕ್ಕರು. ಅಳಿಯನ ಸರದಿ ಬಂತು.

ಬಾಯಿಬಿಟ್ಟರೆ ಬಣ್ಣಗೇಡು ಎಂದು ಅವನಿಗೆ ಗೊತ್ತಿತ್ತು. ಆದರೂ ಬಿಳಿ ಮಚ್ಚೆಯ ಆ ಪ್ರಾಣಿ ಮತ್ತೆ ಮತ್ತೆ ಮೇಲಕ್ಕೆದ್ದು, ನೀರು ಸುರಿಯುತ್ತ, ಎಂಜಿನ್ನಿನ ಕಡೆಗೆ ಬರುವುದು ಕಣ್ಣೆದುರು ಬಂತು. ಬೇಟೆಗೆ ಅನುಮತಿ ಸಿಕ್ಕರೆ ಮೊದಲು ಸಾಯುವುದು ಅದೇ. ಅವನಿಗೆ ಅದರ ಮೇಲೆ ಹೇಳಲಾಗದಷ್ಟು ಪ್ರೀತಿ ಹುಟ್ಟಿತು. ಹೆಂಡತಿಯ ಮೇಲೂ ಇಷ್ಟು ಥಟ್ಟನೆ ಹುಟ್ಟಿರಲಿಲ್ಲ.

“ನಲವತ್ತೆಂಟು ಅಲ್ಲ, ಹದಿನೆಂಟು,” ಎಂದ. “ಮೂವತ್ತೊಂದು ಟ್ಯೂಬುಗಳು ಒಂದೇ ತಿಮಿಂಗಿಲದ್ದು. ಬಲಗಣ್ಣಿನ ಹತ್ರ ಬಿಳಿ ಮಚ್ಚೆ ಇರೋ ಅದೊಂದೇ ದೋಣಿ ಹತ್ರ ಬರ್ತಿತ್ತು.”

ಫ್ಯಾನು ತಿರುಗುತ್ತಿತ್ತು. ಮಾವ ಕನ್ನಡಕ ತೆಗೆದು ಒರೆಸತೊಡಗಿದರು.

“ಅಂದ್ರೆ,” ಎಂದರು ಅಧ್ಯಕ್ಷರು ಕೊನೆಗೆ, “ಈ ಒಂದೇ ಪ್ರಾಣಿ ಮೂವತ್ತೊಂದು ಜಾಗ ಹಿಡ್ಕೊಂಡು ಕೂತಿದೆ?”

“ಪಟ್ಟಿಯಲ್ಲಿ, ಹೌದು.”

“ಇದರಿಂದ ವೈವಿಧ್ಯದ ಅಂಕಿ ಏನಾಗತ್ತೆ?”

“ಕುಸಿಯತ್ತೆ ಸಾರ್. ನಲವತ್ತೆಂಟರಲ್ಲಿ ಮೂವತ್ತೊಂದು ಒಂದೇ ತರ ಇದ್ದರೆ ಕುಸಿಯಲೇಬೇಕು.”

“ಉಳಿದ ಹದಿನೇಳು?”

“ಅವು ಒಂದೊಂದೂ ಬೇರೆ ಬೇರೆ.”

“ಹಾಗಾದ್ರೆ ಅದನ್ನ ಬಿಟ್ಟು ಲೆಕ್ಕ ಹಾಕಿದ್ರೆ?”

“ಅಂಕಿ ಚೆನ್ನಾಗೇ ಬರತ್ತೆ. ಆದ್ರೆ ಅದು—”

“ನೋಡಿ!” ಎಂದರು ಅಧ್ಯಕ್ಷರು. ಅವರ ಮುಖ ಅರಳಿತು. “ಹಾಳು ಮಾಡ್ತಿರೋದು ಅದೊಂದೇ! ಇದ್ದ ಹದಿನೇಳು ಒಳ್ಳೇ ಪ್ರಾಣಿಗಳ ಮರ್ಯಾದೆ ತೆಗೀತಿದೆ. ಮೊದಲು ಅದನ್ನ ತೆಗೀಬೇಕು.”

“ಪಟ್ಟಿಯಿಂದ ಮೂವತ್ತನ್ನ ತೆಗೆದು ಒಂದನ್ನ ಉಳಿಸಬೇಕು ಸಾರ್. ಸಮುದ್ರದಿಂದ ಅಲ್ಲ.”

“ಪಟ್ಟಿಯಿಂದ ತೆಗೆದ್ರೆ ಮುಂದಿನ ವರ್ಷ ಮತ್ತೆ ಬರಲ್ವಾ? ಹತ್ರ ಬರೋ ಚಾಳಿ ಇದೆ ಅಂತೀರಿ. ಮತ್ತೆ ಟ್ಯೂಬೆಲ್ಲ ಅದೇ ತುಂಬತ್ತೆ. ನಿಮ್ಮ ಕೆಲಸವೇ ಹಾಳು ಅಲ್ವಾ? ಹೌದೋ ಅಲ್ವೋ, ಅಷ್ಟು ಹೇಳಿ.”

“ಬರಬಹುದು, ಆದ್ರೆ—”

“ಬರಬಹುದು ಅಂತ ಬರೆದುಕೊಳ್ಳಿ,” ಎಂದರು ಅಧ್ಯಕ್ಷರು ಗುಮಾಸ್ತನಿಗೆ.

ಮಾವ ಕನ್ನಡಕ ಹಾಕಿಕೊಂಡರು. ಅವರು ಅಳಿಯನ ಕಡೆ ನೋಡಿದ ನೋಟದಲ್ಲಿ ಕೋಪವಿರಲಿಲ್ಲ. ನಿಜವಾದ ಹೆಮ್ಮೆ ಇತ್ತು. ಅದನ್ನು ತಡೆದುಕೊಳ್ಳುವುದೇ ಅವನಿಗೆ ಕಷ್ಟವಾಯಿತು.

ತೀರ್ಮಾನಕ್ಕೆ ಹತ್ತು ನಿಮಿಷ ಹಿಡಿಯಿತು. ವಂಶವೈವಿಧ್ಯದ ರಕ್ಷಣೆಗಾಗಿ ಬಲಗಣ್ಣಿನ ಬಳಿ ಬಿಳಿ ಮಚ್ಚೆಯಿರುವ ಒಂದು ತಿಮಿಂಗಿಲವನ್ನು ತೆಗೆಯತಕ್ಕದ್ದು. ಉಳಿದವುಗಳ ಬೇಟೆ ಸದ್ಯಕ್ಕಿಲ್ಲ. ಹೇಗೂ ಅವು ಕೈಗೆ ಸಿಗುವುದಿಲ್ಲ. ಅಳಿಯ ಎದ್ದು ನಿಂತು, ಇದು ತಪ್ಪು, ಇದು ಕೊಲೆ ಎಂದ. ಅಧ್ಯಕ್ಷರು ಬಹಳ ಮೃದುವಾಗಿ, ವಿಜ್ಞಾನಿಗಳಿಗೆ ಹೃದಯವಿರುವುದು ಸಂತೋಷದ ವಿಷಯ ಎಂದರು. ಏಳು ಕೈಗಳು ಮೇಲೆದ್ದವು. ಚಹಾ ಬಂತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂದು ಅವನು ಕೇಳಿದ್ದ. ಇಲ್ಲಿ ಒದ್ದದ್ದು ಅವನನ್ನಲ್ಲ. ಅವನಿಗೆ ಬಿಸ್ಕತ್ತು ಕೊಟ್ಟಿದ್ದರು.

ಬಾಗಿಲಲ್ಲಿ ಭಾವಮೈದ ನಿಂತಿದ್ದ. “ಭಾವ, ನನ್ನನ್ನೇ ಕಳಿಸ್ತಾರಂತೆ,” ಎಂದ. “ಅದರ ಮುಖ ಗೊತ್ತಿರೋದು ನಂಗೊಬ್ಬಂಗೆ ಅಲ್ವಾ.”

“ಹೋಗ್ತೀಯಾ?”

“ಹೋಗದೆ?” ಅವನು ನೆಲ ನೋಡಿದ. “ಕಷ್ಟವೇನಿಲ್ಲ ಬಿಡಿ. ಎಂಜಿನ್ ಆನ್ ಮಾಡಿದ್ರೆ ಆಯ್ತು.”

ಐದಕ್ಕೆ ಹತ್ತು ನಿಮಿಷವಿತ್ತು. ಕಾರಿಡಾರು ಖಾಲಿ. ಎಲ್ಲರೂ ಹಿಂದಿನ ಬಾಗಿಲಿನಿಂದ ಜಾರಿಕೊಂಡಿದ್ದರು. ಅವನಿಗೆ ಬಚ್ಚಲಮನೆಯ ಬಲ್ಬು ನೆನಪಾಯಿತು, ಮನೆಗೆ ಹೋಗಬೇಕು ಎನಿಸಲಿಲ್ಲ. ಮೂಲೆಯಲ್ಲಿ ದಾದಿಯ ಹತ್ತಿರ ಸಣ್ಣ ಶೀತಪೆಟ್ಟಿಗೆಯೊಂದು ಗುಂಯ್ ಎನ್ನುತ್ತಿತ್ತು. ಇಡೀ ಕಟ್ಟಡದಲ್ಲಿ ಸದ್ದು ಮಾಡುತ್ತಿದ್ದದ್ದು ಅದೊಂದೇ. ಅವನು ಆ ಕಡೆಗೆ ನಡೆದ.

“ಅಬ್ಬ, ಬಂದ್ರಲ್ಲ!” ಎಂದಳು ದಾದಿ. “ಬೆಳಗಿನಿಂದ ಒಬ್ಬರೂ ಬಂದಿಲ್ಲ.”

ಅವನು ಕೂತು ಅಂಗಿಯ ಎಡತೋಳು ಮಡಿಸಿದ. ಸೂಜಿ ನಾಟಿತು. ಟ್ಯೂಬು ತುಂಬಿತು. ಅವಳು ಅದರ ಮೇಲೆ ಚೀಟಿ ಅಂಟಿಸಿ, ಸೂಜಿ ತೆಗೆಯದೆ, ಎರಡನೆಯದನ್ನು ಸಿಕ್ಕಿಸಿದಳು.

“ಇನ್ನೊಂದಾ?”

“ಬೇಜಾರು ಮಾಡ್ಕೋಬೇಡಿ,” ಎಂದಳು. ಅವಳ ಕಣ್ಣಲ್ಲಿ ನೀರಾಡಿತು. “ಇಪ್ಪತ್ತೆರಡು ತುಂಬಿಸ್ಕೊಂಡು ಬಾ ಅಂದಿದ್ದಾರೆ. ಖಾಲಿ ಒಯ್ದರೆ ನನ್ನ ಕೆಲಸ ಹೋಗತ್ತೆ. ಎಲ್ಲರೂ ಓಡಿಹೋದ್ರು. ನೀವೊಬ್ಬರೇ.”

ಎರಡನೆಯ ಚೀಟಿಯಲ್ಲಿ ಮಾವನ ಹೆಸರಿತ್ತು. ಮೂರನೆಯದರಲ್ಲಿ ಮಾವನ ತಮ್ಮನದು. ಅವನು ಏಳಬೇಕೆಂದುಕೊಂಡ. ಇಂಥದ್ದನ್ನು ತಪ್ಪೆಂದು ಹೇಳಬಲ್ಲವನು ಇಡೀ ಸಂಸ್ಥೆಯಲ್ಲಿ ತಾನೊಬ್ಬನೇ ಎಂಬುದೂ ಅವನಿಗೆ ಗೊತ್ತಿತ್ತು. ಪೆಟ್ಟಿಗೆ ಹಿತವಾಗಿ ಗುಂಯ್ ಎನ್ನುತ್ತಿತ್ತು. ಹನ್ನೊಂದನೆಯ ಟ್ಯೂಬಿನ ಹೊತ್ತಿಗೆ ರಕ್ತ ನಿಧಾನವಾಯಿತು. ದಾದಿ ಸೂಜಿ ತೆಗೆದು, ಹತ್ತಿ ಒತ್ತಿ, ಉಳಿದ ಖಾಲಿ ಟ್ಯೂಬುಗಳನ್ನು ನೋಡುತ್ತ ಸುಮ್ಮನೆ ಕೂತಳು.

ಅವನು ಕುರ್ಚಿಯಲ್ಲೇ ನಿಧಾನಕ್ಕೆ ತಿರುಗಿ, ಇನ್ನೊಂದು ತೋಳನ್ನು ಅವಳ ಕಡೆಗೆ ಚಾಚಿದ.