ದುಂಡಮ್ಮ ಆರಿಸಿದ ಸೀಸೆ

ನಾನು ಕಂದು ಬಣ್ಣದ ಒಂದು ಗಾಜಿನ ಸೀಸೆ. ನೂರು ಮಿಲಿಲೀಟರ್ ಎಣ್ಣೆ ಹಿಡಿಯುತ್ತೇನೆ. ಮರಳು, ಸೋಡಾ, ಸುಣ್ಣದ ಕಲ್ಲು, ಅದರ ಜೊತೆಗೆ ಒಡೆದ ಹಳೇ ಗಾಜು, ಇಷ್ಟೂ ಸೇರಿ ಕುಲುಮೆಯಲ್ಲಿ ಕರಗಿ ನಾನಾದೆ. ಅಚ್ಚಿನಲ್ಲಿ ಗಾಳಿ ಊದಿದಾಗ ನನ್ನ ಹೆಗಲಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಉಳಿದುಬಿಟ್ಟಿತು. ಪರೀಕ್ಷೆ ಮಾಡುವವನು ನನ್ನನ್ನು ಬೆಳಕಿಗೆ ಹಿಡಿದು ನೋಡಿದ. ಸೋರುವಂಥ ಗುಳ್ಳೆಯಲ್ಲ ಅನ್ನಿಸಿರಬೇಕು, ಒಳ್ಳೆಯ ಸೀಸೆಗಳ ಜೊತೆಗೇ ಇಟ್ಟ.

ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ನಾನು ಮೈಸೂರಿಗೆ ಬಂದೆ. ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಪದ್ಮನಾಭ ಶೆಟ್ಟರ ಸುಗಂಧತೈಲದ ಅಂಗಡಿ. ನೀಲಗಿರಿ, ಮಜ್ಜಿಗೆಹುಲ್ಲು, ಲಾವಂಚ, ದವನ, ಎಲ್ಲ ಎಣ್ಣೆಯೂ ಅಲ್ಲಿ ಸಿಗುತ್ತಿತ್ತು. ಅಂಗಡಿಯ ಹಿಂದೆ ಒಂದು ಅಂಗಳ. ಗಿರಾಕಿಗಳು ಹಿಂದಿರುಗಿಸಿದ ಸೀಸೆಗಳನ್ನೂ ಗುಜರಿಯಿಂದ ತಂದ ಸೀಸೆಗಳನ್ನೂ ತೊಳೆಯುವುದು ಅಲ್ಲಿ. ಆರು ಜನ ಹೆಂಗಸರು ತೊಳೆಯುತ್ತಿದ್ದರು. ಆರಿಸುವವಳು ಮಾತ್ರ ಒಬ್ಬಳೇ, ದುಂಡಮ್ಮ.

ನಾನು ಮೊದಲ ಸಲ ಖಾಲಿಯಾಗಿ ಅಂಗಳಕ್ಕೆ ಬಂದಾಗ ಅವಳ ಕೈಗೆ ಸಿಕ್ಕಿದೆ. ಐವತ್ತರ ಹತ್ತಿರದ ಹೆಂಗಸು, ಒಗೆಯುವ ಸೋಡಾ ನೀರಿನಲ್ಲಿ ಬೆಂದು ಬಿಳಿಚಿದ ಬೆರಳುಗಳು. ಅವಳು ಬಿಳಿ ಗಾಜನ್ನು ಮುಟ್ಟುತ್ತಲೇ ಪಕ್ಕಕ್ಕೆ ಸರಿಸುತ್ತಿದ್ದಳು, ಬೆಳಕು ಬಿದ್ದರೆ ಎಣ್ಣೆ ಕೆಡುತ್ತದೆ ಎಂದು. ರಬ್ಬರಿನ ಮುಚ್ಚಳವನ್ನು ಕಿತ್ತೆಸೆಯುತ್ತಿದ್ದಳು, ಎಣ್ಣೆ ರಬ್ಬರನ್ನು ತಿನ್ನುತ್ತದೆ ಎಂದು. ಕಿರುಬೆರಳನ್ನು ಬಾಯಿಯ ಸುತ್ತ ಆಡಿಸಿ ಚೂರು ಎದ್ದಿದೆಯೋ ನೋಡುತ್ತಿದ್ದಳು. ಆಮೇಲೆ ಹಂಡೆಯ ಕುದಿನೀರು, ಸೋಡಾ, ಮತ್ತೆ ಕುದಿನೀರು, ಬಿಸಿಲಲ್ಲಿ ತಲೆಕೆಳಗಾಗಿ ಒಂದು ದಿನ. ಕೊನೆಯಲ್ಲಿ ಅವಳು ನಮ್ಮನ್ನು ಒಂದೊಂದಾಗಿ ಮೂಗಿಗೆ ಹಿಡಿಯುತ್ತಿದ್ದಳು.

ಆ ಮೂಗಿಗೆ ಊರಲ್ಲಿ ಹೆಸರಿತ್ತು. ತೊಳೆದ ಸೀಸೆಯಲ್ಲಿ ಮೊದಲು ಏನಿತ್ತು, ಅದಕ್ಕೂ ಮೊದಲು ಏನಿತ್ತು ಎಂದು ಅವಳು ಹೇಳುತ್ತಿದ್ದಳು. ಬೇರೆ ಅಂಗಡಿಯವರೂ ಸೀಸೆ ಹಿಡಿದು ಅವಳ ಹತ್ತಿರ ಬರುತ್ತಿದ್ದರು. ಮೂಗಿನ ದುಂಡಮ್ಮ ಎಂದರೆ ಯಾರಾದರೂ ಗಲ್ಲಿ ತೋರಿಸುತ್ತಿದ್ದರು. ಗಂಡ ಸತ್ತು, ಮಕ್ಕಳಿಲ್ಲದೆ, ತವರಿನವರು ಬೇಡವೆಂದು ಬಿಟ್ಟ ಹೆಂಗಸಿಗೆ ಆ ಹೆಸರೊಂದೇ ಆಸ್ತಿ.

ಅವಳು ನನ್ನ ಹೆಗಲಿನ ಗುಳ್ಳೆಯನ್ನು ಹೆಬ್ಬೆರಳಿಂದ ಸವರಿ ನಕ್ಕಳು. ನಾನು ನಾಲ್ಕು ಸಲ ಮನೆಗಳಿಗೆ ಹೋಗಿ ನಾಲ್ಕು ಸಲ ಅವಳ ಹತ್ತಿರ ಬಂದೆ. ಪ್ರತಿ ಸಲವೂ ಗುರುತು ಹಿಡಿದಳು. ಒಂದು ಸಲ ಪಕ್ಕದಲ್ಲಿ ತೊಳೆಯುತ್ತಿದ್ದ ಜಬೀನಾಗೆ ನನ್ನನ್ನು ತೋರಿಸಿ, ಇದು ನಮ್ಮ ಮನೆ ಸೀಸೆ ಎಂದಳು. ಜಬೀನಾ ಇಪ್ಪತ್ತೈದರ ಹುಡುಗಿ. ಅಫ್ರೀನ್ ಎಂಬ ಮಗಳಿದ್ದಳು. ಅತ್ತೆ ಖೈರುನ್ನೀಸಾಗೆ ಸೊಸೆ ಹೊರಗೆ ದುಡಿಯುವುದು ಇಷ್ಟವಿರಲಿಲ್ಲ. ಆ ಮಾತನ್ನು ಜಬೀನಾ ದುಂಡಮ್ಮನ ಮುಂದೆ ಮಾತ್ರ ಹೇಳಿ ಹಗುರಾಗುತ್ತಿದ್ದಳು. ಅಕ್ಕ ಎನ್ನುತ್ತಿದ್ದಳು, ಬುತ್ತಿ ಹಂಚಿಕೊಳ್ಳುತ್ತಿದ್ದಳು.

ಐದನೆಯ ಸಲ ನಾನು ಹೋದದ್ದು ಗುಲಾಬಿ ಬೆಳೆಸುವ ಒಬ್ಬ ನಿವೃತ್ತ ಮೇಷ್ಟರ ಮನೆಗೆ. ಎಣ್ಣೆ ಮುಗಿದ ಮೇಲೆ ಅವರು ನನ್ನನ್ನು ಹಿಂದಿರುಗಿಸಲಿಲ್ಲ. ಗಿಡಕ್ಕೆ ಹೊಡೆಯುವ ಹುಳುವಿನ ಔಷಧಿಯ ಡಬ್ಬಿ ಸೋರುತ್ತಿತ್ತು, ಅದನ್ನು ನನಗೆ ಸುರಿದರು. ಒಂದೂವರೆ ವರ್ಷ ನಾನು ಹಿತ್ತಲಿನ ಮೂಲೆಯಲ್ಲಿ ವಿಷ ಹಿಡಿದು ನಿಂತಿದ್ದೆ. ತಳದಲ್ಲಿ ಅದು ಒಣಗಿ ಗಾಜಿಗೇ ಅಂಟಿಕೊಂಡಿತು. ಮೇಷ್ಟರು ತೀರಿಕೊಂಡ ಮೇಲೆ ಸೊಸೆ ಮನೆ ಗುಡಿಸಿ ನನ್ನನ್ನು ಗುಜರಿ ಗಾಡಿಗೆ ಹಾಕಿದಳು. ಗುಜರಿಯವನು ಕಂದು ಸೀಸೆಗಳನ್ನೆಲ್ಲ ಚೀಲಕ್ಕೆ ತುಂಬಿ ಶೆಟ್ಟರ ಅಂಗಳದಲ್ಲಿ ಇಳಿಸಿದ.

ಅಷ್ಟರಲ್ಲಿ ಎರಡು ಸಂಗತಿ ನಡೆದುಹೋಗಿದ್ದವು. ಒಂದು, ಶೆಟ್ಟರು ಸೌದೆ ಉಳಿಸಲು ಹಂಡೆ ತೆಗೆಸಿದ್ದರು. ಕುದಿನೀರಿಲ್ಲ, ನಲ್ಲಿ ನೀರಿನಲ್ಲಿ ಎರಡು ಸಲ ಜಾಲಿಸಿದರೆ ಆಯಿತು. ಇನ್ನೊಂದು, ಊರಿಗೆಲ್ಲ ಬಂದ ಜ್ವರ ದುಂಡಮ್ಮನಿಗೂ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಒಯ್ದಿತು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾದಾಗ, ಅವಳು ಅಲ್ಲೇ ಬೆನ್ನು ಹಾಕಿ ಕೂತು ಅಕ್ಕಿ ಆರಿಸುತ್ತಿದ್ದಳಂತೆ. ಇದು ನನಗೆ ಆಮೇಲೆ, ಅವಳ ಮನೆಯ ಗೂಡಿನಲ್ಲಿದ್ದಾಗ ತಿಳಿದದ್ದು. ಅವಳು ಒಬ್ಬಳೇ ಇದ್ದಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು.

ಯಾರಿಗೂ ಹೇಳಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ದಿನಾ ಕೆಲಸಕ್ಕೆ ಹೋದಳು. ಸೀಸೆಗಳನ್ನು ಮೊದಲಿನ ಹಾಗೇ ಮೂಗಿಗೆ ಹಿಡಿದಳು, ಮೊದಲಿನ ಹಾಗೇ ಒಂದು ಕ್ಷಣ ಕಣ್ಣು ಮುಚ್ಚಿದಳು. ಹತ್ತಕ್ಕೆ ಒಂದನ್ನು ಸುಮ್ಮನೆ ಬೇಡವೆಂದು ಎತ್ತಿಡುತ್ತಿದ್ದಳು, ಅನುಮಾನ ಬರದಿರಲಿ ಎಂದು.

ಅವಳ ಮುಂದೆ ನಾನು ಬಂದೆ. ಎತ್ತಿಕೊಂಡಳು. ಹೆಬ್ಬೆರಳು ಗುಳ್ಳೆಯ ಮೇಲೆ ನಿಂತಿತು. ಅವಳ ಮುಖ ಅರಳಿದ್ದನ್ನು ನಾನು ಕಂಡೆ. ಇದು ನಮ್ಮದೇ ಎಂದಳು. ಕಳೆದ ಮಗು ಸಿಕ್ಕಿದ ಹಾಗೆ ಸೆರಗಿನಿಂದ ಒರೆಸಿದಳು. ಬಾಯಿಗೆ ಮೂಗು ತಂದು ಕಣ್ಣು ಮುಚ್ಚಿದಳು. ನನ್ನ ತಳದಿಂದ, ತೊಳೆದವರ ಮೂಗಿಗೆ ಸಿಗದಷ್ಟು ಸಣ್ಣಗೆ, ವಿಷ ನಾರುತ್ತಿತ್ತು. ಹಿಂದಿನ ದುಂಡಮ್ಮನಾಗಿದ್ದರೆ ಮಾರುದೂರದಿಂದಲೇ ಮುಖ ತಿರುಗಿಸುತ್ತಿದ್ದಳು. ಅವಳು ನನ್ನನ್ನು ಒಳ್ಳೆಯ ಸೀಸೆಗಳ ಸಾಲಿನಲ್ಲಿ ಮೊದಲಿಗೆ ಇಟ್ಟಳು.

ನನಗೆ ಬಾಯಿ ಇದೆ, ಮಾತಿಲ್ಲ. ನೀಲಗಿರಿ ಎಣ್ಣೆ ತುಂಬಿದರು. ನೀರಿಗೆ ಬಿಡದಿದ್ದುದನ್ನು ಎಣ್ಣೆ ಬಿಡಿಸಿಕೊಂಡಿತು, ಎರಡು ದಿನದಲ್ಲಿ ತಳ ಸ್ವಚ್ಛವಾಯಿತು. ನೀಲಗಿರಿಯ ಘಾಟು ಎಷ್ಟೆಂದರೆ ಅದರಡಿ ಇದ್ದದ್ದು ಬೇರೆ ಯಾರ ಮೂಗಿಗೂ ಸಿಗುವಂತಿರಲಿಲ್ಲ.

ಚಳಿಗಾಲದಲ್ಲಿ ಶೆಟ್ಟರು ಕೆಲಸದವರಿಗೆ ಒಂದೊಂದು ಸೀಸೆ ಎಣ್ಣೆ ಕೊಡುತ್ತಿದ್ದರು. ದುಂಡಮ್ಮ ತಾನೇ ಆರಿಸಿ ನನ್ನನ್ನು ಜಬೀನಾಗೆ ಕೊಟ್ಟಳು. ಮಗಳಿಗೆ ಕೆಮ್ಮು ಅಂದಿದ್ದೆಯಲ್ಲ, ಎದೆಗೆ ಹಚ್ಚು, ಹಬೆ ಹಿಡಿ ಎಂದಳು.

ಜಬೀನಾ ಹಾಗೇ ಮಾಡಿದಳು. ಸಂಜೆ ಅಫ್ರೀನಳ ಎದೆ, ಬೆನ್ನು, ಪಾದಕ್ಕೆಲ್ಲ ಧಾರಾಳವಾಗಿ ತಿಕ್ಕಿದಳು. ಬಿಸಿನೀರಿಗೆ ಸುರಿದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಂಬಳಿ ಮುಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ. ಮೊದಲು ಮಗುವಿನ ಬಾಯಿಂದ ಜೊಲ್ಲು ಇಳಿಯಿತು. ಆಮೇಲೆ ವಾಂತಿ. ಆಮೇಲೆ ಕೈಕಾಲು ಅದುರಿದವು. ನಾಲ್ಕು ವರ್ಷದ ಮಗು ಅವ್ವನ ಮುಖ ನೋಡುತ್ತಿತ್ತು, ಕಣ್ಣಿನ ಪಾಪೆ ಚುಕ್ಕೆಯಷ್ಟಾಗಿತ್ತು.

ಆಸ್ಪತ್ರೆಯಲ್ಲಿ ಮಗು ಬದುಕಿತು. ಹನ್ನೊಂದು ದಿನ ಇತ್ತು, ಬಂದ ಮೇಲೂ ನಡೆಯುವಾಗ ಒಂದು ಕಾಲು ಎಳೆಯುತ್ತಿತ್ತು. ಮಗುವಿನ ಮೈಗೆ ಸೇರಿದ್ದು ಹುಳುವಿನ ಔಷಧಿ, ಯಾರು ಕೊಟ್ಟಿರಿ ಎಂದು ಡಾಕ್ಟರು ಕೇಳಿದರು. ಜಬೀನಾಳ ಮನೆಯ ಅಟ್ಟದ ಮೇಲೆ ತಿಗಣೆ ಔಷಧಿ ಇತ್ತು. ಅದನ್ನು ತಂದಿಟ್ಟವಳು ಜಬೀನಾ. ಖೈರುನ್ನೀಸಾಗೆ ಅಷ್ಟು ಸಾಕಾಯಿತು. ಇವಳ ಕೈಯಲ್ಲೇ ಮಗುವಿಗೆ ವಿಷ ಬಿತ್ತು ಎಂದಳು. ಹುಷಾರಿಲ್ಲದೆಯೋ, ಬೇಕೆಂದೋ ಎನ್ನುವುದನ್ನು ಕೇಳುವವರ ಊಹೆಗೆ ಬಿಟ್ಟಳು. ಔಷಧಿ ಮುಟ್ಟಿಯೇ ಇಲ್ಲ, ಹಚ್ಚಿದ್ದು ಎಣ್ಣೆ ಮಾತ್ರ ಎಂದು ಜಬೀನಾ ಆಣೆ ಮಾಡಿದಳು. ಗಂಡ ಇಮ್ತಿಯಾಜ್ ಎರಡೂ ಕಡೆ ನೋಡಿ ಕೊನೆಗೆ ಒಂದು ಮಾತು ಹೇಳಿದ: ಎಣ್ಣೆ ಸೀಸೆಯನ್ನು ಮೂಗಿನ ದುಂಡಮ್ಮನಿಗೆ ತೋರಿಸೋಣ, ಅವಳು ಹೇಳಿದಂತೆ ಆಗಲಿ. ಪೊಲೀಸು ಕೋರ್ಟು ಯಾರಿಗೂ ಬೇಕಿರಲಿಲ್ಲ.

ಮೂವರೂ ಅಂಗಳಕ್ಕೆ ಬಂದರು. ತೊಳೆಯುವವರು ಕೈ ನಿಲ್ಲಿಸಿದರು. ಜಬೀನಾ ನನ್ನನ್ನು ದುಂಡಮ್ಮನ ಕೈಗಿಟ್ಟಳು. ಎರಡು ಬೆರಳಷ್ಟು ಎಣ್ಣೆ ಇನ್ನೂ ಇತ್ತು. ಮಗುವಿಗೆ ಏನೇನಾಯಿತು ಎಂದು ಒಂದೊಂದಾಗಿ ಹೇಳಿದಳು, ಜೊಲ್ಲು, ವಾಂತಿ, ಕಣ್ಣು.

"ಮೂಸಿ ನೋಡಿ ಹೇಳಕ್ಕ. ನೀನು ಹೇಳಿದ್ರೆ ಇವ್ರು ನಂಬ್ತಾರೆ."

ದುಂಡಮ್ಮ ಹುಟ್ಟಿದ್ದು ಹತ್ತಿ ಬೆಳೆಯುವ ಊರಿನಲ್ಲಿ. ಔಷಧಿ ಹೊಡೆಯಲು ಹೋಗಿ ಬದುವಿನ ಮೇಲೆ ಹಾಗೇ ಬಿದ್ದವರನ್ನು ಅವಳು ಚಿಕ್ಕಂದಿನಲ್ಲಿ ಕಂಡಿದ್ದಳು. ಜಬೀನಾ ಹೇಳಿ ಮುಗಿಸುವ ಮೊದಲೇ ಅವಳಿಗೆ ಅರ್ಥವಾಗಿತ್ತು. ಮೂಗಿಗೆ ತಂದಳು. ಕಣ್ಣು ಮುಚ್ಚಿದಳು. ಅವಳಿಗೆ ವಿಷವೂ ಸಿಗಲಿಲ್ಲ, ನೀಲಗಿರಿಯೂ ಸಿಗಲಿಲ್ಲ. ಬಾಗಿಲಲ್ಲಿ ಶೆಟ್ಟರು ಬಂದು ನಿಂತಿದ್ದರು. ಎಲ್ಲರ ಕಣ್ಣುಗಳೂ ಅವಳ ಮೂಗನ್ನೇ ನೋಡುತ್ತಿದ್ದವು.

"ಏನೂ ಇಲ್ಲ ಕಣವ್ವ," ಎಂದಳು. "ಬರೀ ನೀಲಗಿರಿ."

ಖೈರುನ್ನೀಸಾ ಮಗನ ತೋಳು ಹಿಡಿದುಕೊಂಡು ಹೊರಟಳು. ಅವನು ಹೋಗುವಾಗ ಹೆಂಡತಿಯ ಕಡೆ ತಿರುಗಿ ನೋಡಲಿಲ್ಲ. ಜಬೀನಾ ಇನ್ನೊಂದು ಸಲ ನೋಡು ಎನ್ನಲಿಲ್ಲ. ದುಂಡಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಾನೇ ಎಲ್ಲೋ ತಪ್ಪು ಮಾಡಿರಬೇಕು ಎಂಬಂತೆ ಸೆರಗು ಎಳೆದುಕೊಂಡು ಹೋದಳು. ಆ ವಾರವೇ ಮಗುವನ್ನು ಹುಣಸೂರಿನ ದೊಡ್ಡಪ್ಪನ ಮನೆಗೆ ಸಾಗಿಸಿದರು. ಜಬೀನಾಗೆ ತಲಾಖ್ ಆಯಿತು, ಅಂಗಳಕ್ಕೆ ಅವಳು ಮತ್ತೆ ಬರಲಿಲ್ಲ. ಮಗುವಿಗೆ ವಿಷ ಹಾಕಿದವಳೆಂದು ಯಾವ ಮನೆಯೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ದುಂಡಮ್ಮ ನನ್ನನ್ನು ಬುತ್ತಿ ಚೀಲದಲ್ಲಿ ಬಚ್ಚಿಟ್ಟಳು. ಎಸೆಯಲಾರಳು, ಇಡಲಾರಳು. ದಿನಾ ತರುತ್ತಿದ್ದಳು, ದಿನಾ ಒಯ್ಯುತ್ತಿದ್ದಳು. ಅಂಗಳದ ಮೊಳೆಗೆ ತೂಗಿದ ಆ ಚೀಲದಲ್ಲಿದ್ದುಕೊಂಡೇ ಮುಂದಿನದನ್ನೂ ಕೇಳಿದೆ.

ಕೆಟ್ಟ ಸೀಸೆಗಳು ಹಿಂದಿರುಗತೊಡಗಿದ್ದರಿಂದ ಶೆಟ್ಟರಿಗೆ ಸಂಶಯ ಬಂದಿತ್ತು. ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ, ದುಂಡಮ್ಮನ ಮುಂದೆ ಮೂರು ಸೀಸೆ ಇಟ್ಟು, ಯಾವುದರಲ್ಲಿ ಏನಿದೆ ಹೇಳು ಎಂದರು. ಮೊದಲನೆಯದನ್ನು ಗುಲಾಬಿ ಎಂದಳು. ಅದು ಸೀಮೆಎಣ್ಣೆ. ಎರಡನೆಯದನ್ನು ಲಾವಂಚ ಎಂದಳು. ಅದು ನೀರು. ಮೂರನೆಯದಕ್ಕೆ ಬಹಳ ಹೊತ್ತು ಕಣ್ಣು ಮುಚ್ಚಿ ಕೂತು, ಶ್ರೀಗಂಧ ಎಂದಳು. ಶೆಟ್ಟರು ಅದನ್ನು ಬೆಳಿಗ್ಗೆ ಚರಂಡಿಯಿಂದ ತುಂಬಿಸಿ ತರಿಸಿದ್ದರು. ಹೆಂಗಸರು ನಕ್ಕರು. ನಗು ತಾನಾಗಿ ನಿಂತಿತು.

ಈ ಮಾತು ಅಂಗಳ ದಾಟಿದರೆ ಕೆಲಸವಿಲ್ಲ ಎಂದು ಗದರಿ, ಎಲ್ಲರನ್ನೂ ಹೊರಗೆ ಕಳಿಸಿ ಶೆಟ್ಟರು ಎಷ್ಟು ದಿನದಿಂದ ಎಂದು ಕೇಳಿದರು. ಅವಳು ಜ್ವರದ ತಿಂಗಳು ಹೇಳಿದಳು. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಜಬೀನಾಳ ಸೀಸೆ ಅದಾದ ಮೇಲಿನದು ಎಂದು ಅವರಿಗೂ ಗೊತ್ತಾಯಿತು. ಅವಳು ಕಾಲು ಹಿಡಿದುಕೊಂಡಳು, ಆ ಹುಡುಗಿಯ ಗಂಡನಿಗೆ ಹೇಳಿಬಿಡೋಣ ಎಂದಳು. ಶೆಟ್ಟರು ಕಾಲು ಬಿಡಿಸಿಕೊಂಡರು.

"ನಿಂಗೆ ಮೂಗಿಲ್ಲ, ನಂಗೆ ಬಾಯಿಲ್ಲ. ಹಿಂಗೇ ಇದ್ಬುಡುವ. ನಾಳೆ ಹೊತ್ತಿಗೆ ಸರಿಯಾಗಿ ಬಾ."

ಅವಳು ಹೊತ್ತಿಗೆ ಸರಿಯಾಗಿ ಬಂದಳು. ಎರಡು ವರ್ಷ ಬಂದಳು. ಅಂಗಡಿಗೆ ದೂರದ ಗಿರಾಕಿ ಬಂದರೆ ಶೆಟ್ಟರು ಅವಳನ್ನು ಕರೆಸಿ ಸೀಸೆ ಮೂಸಿಸುತ್ತಿದ್ದರು. ಅವಳು ಮೂಸಿ ತಲೆಯಾಡಿಸುತ್ತಿದ್ದಳು. ಅವರ ಹೆಂಡತಿ ಮಕ್ಕಳಿಗೂ ಅದು ಮೋಜಾಗಿತ್ತು. ಊಟಕ್ಕೆ ಕೂತಾಗ ಅವಳ ತಟ್ಟೆಯ ಹತ್ತಿರ ಹಳಸಿದ ಸಾರು ಇಟ್ಟು, ತಿನ್ನುತ್ತಾಳೋ ಇಲ್ಲವೋ ನೋಡುತ್ತಿದ್ದರು. ಅಷ್ಟರಲ್ಲಿ ಅವಳು ನನ್ನನ್ನು ಚೀಲದಿಂದ ತೆಗೆದು ಮನೆಯ ಗೂಡಿನಲ್ಲಿಟ್ಟಿದ್ದಳು, ಇದೆಲ್ಲ ಅವಳು ತನ್ನಷ್ಟಕ್ಕೆ ಹೇಳಿಕೊಂಡಾಗ ಕೇಳಿದ್ದು. ಮುಚ್ಚಳ ಸಡಿಲವಾಗಿ ನನ್ನೊಳಗಿನ ಎಣ್ಣೆ ದಿನದಿನಕ್ಕೆ ಆರಿಹೋಯಿತು.

ಕೊನೆಗೆ ಒಂದು ದಿನ ಕೆಲಸ ಬಿಟ್ಟು, ನನ್ನನ್ನು ಚೀಲಕ್ಕೆ ಹಾಕಿಕೊಂಡು ಹುಣಸೂರಿನ ಬಸ್ಸು ಹತ್ತಿದಳು. ಇಮ್ತಿಯಾಜ್ ಅಲ್ಲಿಗೇ ಹೋಗಿ ನೆಲೆಸಿದ್ದ, ಇನ್ನೊಂದು ಮದುವೆಯಾಗಿತ್ತು. ಅಫ್ರೀನ್ ಬಾಗಿಲಲ್ಲಿ ಕೂತು ಹೊಸ ಅಮ್ಮನ ಕೈಯಿಂದ ತಲೆ ಬಾಚಿಸಿಕೊಳ್ಳುತ್ತಿದ್ದಳು. ದುಂಡಮ್ಮ ನಿಂತಲ್ಲೇ ಎಲ್ಲ ಹೇಳಿದಳು, ಜ್ವರ, ಮೂಗು, ಸುಳ್ಳು. ನನ್ನನ್ನು ತೆಗೆದು ಮುಂದೆ ಹಿಡಿದಳು. ಇಮ್ತಿಯಾಜ್ ಮುಚ್ಚಳ ತೆಗೆದು ಮೂಸಿದ. ನನ್ನಲ್ಲಿ ಅವನಿಗೆ ತೋರಿಸಲು ಏನೂ ಉಳಿದಿರಲಿಲ್ಲ.

ಖೈರುನ್ನೀಸಾ ಮಂಚದ ಮೇಲಿಂದಲೇ ಹೇಳಿದಳು: "ಆವತ್ತು ಇಲ್ಲ ಅಂದಿದ್ದೂ ಇದೇ ಬಾಯಿ. ಈಗ ಹೌದು ಅನ್ನೋಕೆ ಜಬೀನಾ ಏನು ಕೊಟ್ಲು ನಿಂಗೆ?"

ದುಂಡಮ್ಮ ವಾಪಸು ಬಂದವಳು ಮನೆಗೆ ಹೋಗಲಿಲ್ಲ. ಜಬೀನಾ ಊರಾಚೆಯ ಒಂದು ಕೋಣೆಯಲ್ಲಿ ಊದುಬತ್ತಿ ಹೊಸೆದು ಬದುಕುತ್ತಿದ್ದಳು. ಎರಡೇ ವರ್ಷಕ್ಕೆ ಅವಳ ಹಣೆಯ ಮೇಲಿನ ಕೂದಲು ಬೆಳ್ಳಗಾಗಿತ್ತು. ದುಂಡಮ್ಮ ಮತ್ತೆ ಎಲ್ಲ ಹೇಳಿದಳು. ಹೇಳುವಾಗ ಜಬೀನಾಳ ಕೈ ನಿಲ್ಲಲಿಲ್ಲ, ಕಡ್ಡಿಯ ಮೇಲೆ ಕಪ್ಪು ಹಿಟ್ಟು ಉರುಳುತ್ತಲೇ ಇತ್ತು. ಮುಗಿದ ಮೇಲೆ ಒಂದೇ ಮಾತು ಕೇಳಿದಳು.

"ಯಾವತ್ತು ಗೊತ್ತಾಯ್ತಕ್ಕ ನಿಂಗೆ?"

"ಆವತ್ತೇ. ನೀನು ಹೇಳ್ತಿರುವಾಗ್ಲೇ."

ಜಬೀನಾ ಆ ಕಡ್ಡಿಯನ್ನು ಪೂರ್ತಿ ಹೊಸೆದು ಒಣಗಲು ಇಟ್ಟಳು. ಸೀಸೆ ಇಲ್ಲೇ ಬಿಟ್ಟು ಹೋಗು ಎಂದಳು. ದುಂಡಮ್ಮ ಇನ್ನೂ ಏನೋ ಹೇಳಬೇಕೆಂದು ನಿಂತಿದ್ದಳು. ಜಬೀನಾ ಎದ್ದು ಬಾಗಿಲು ಹಾಕಿಕೊಂಡಳು. ಹೊರಗೆ ದುಂಡಮ್ಮ ಬಹಳ ಹೊತ್ತು ಕೂತಿದ್ದಳು, ಕೆಮ್ಮುವ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಅವಳನ್ನು ನಾನು ಮತ್ತೆ ನೋಡಲಿಲ್ಲ.

ಈಗ ನಾನು ಜಬೀನಾಳ ಕಿಟಕಿಯಲ್ಲಿದ್ದೇನೆ. ನನಗೆ ವಯಸ್ಸಾಗಿದೆ, ಕುತ್ತಿಗೆಯ ಹತ್ತಿರ ಗೀರು ಬಿದ್ದಿದೆ. ಆದರೂ ಇನ್ನೂ ಎಷ್ಟೋ ವರ್ಷ ಎಣ್ಣೆ ಹಿಡಿಯಬಲ್ಲೆ.

ಮೊನ್ನೆ ಪಕ್ಕದ ಕೋಣೆಗೆ ಹೊಸದಾಗಿ ಬಂದ ಹೆಂಗಸು ಒಳಗೆ ಬಂದು ನನ್ನನ್ನು ಕಂಡಳು. ಒಳ್ಳೇ ಗಾಜು, ಸುಮ್ಮನೆ ಖಾಲಿ ಇದೆ, ತೊಳೆದು ಎಣ್ಣೆ ಹಾಕಿಟ್ಟುಕೊಳ್ಳುತ್ತೇನೆ ಕೊಡು ಎಂದು ಕೈ ಚಾಚಿದಳು. ಜಬೀನಾ ಅವಳ ಕೈ ತಡೆದಳು.

"ಬೇಡ. ಅದ್ರಲ್ಲಿ ವಿಷ ಇತ್ತು."

ನನ್ನ ಬಗ್ಗೆ ಅಷ್ಟು ನೇರವಾಗಿ ಯಾರೂ ಎಂದೂ ಸತ್ಯ ಹೇಳಿರಲಿಲ್ಲ. ಆ ಹೆಂಗಸು ಕೈ ಹಿಂದಕ್ಕೆ ತೆಗೆದುಕೊಂಡಳು. ಆದರೆ ಅವಳು ನೋಡಿದ್ದು ನನ್ನನ್ನಲ್ಲ, ಜಬೀನಾಳನ್ನು; ಮಗುವಿಗೆ ವಿಷ ಹಾಕಿದವಳೆಂಬ ಹಳೇ ಸುದ್ದಿ ಅವಳ ಕಿವಿಗೂ ಬಿದ್ದಿರಬೇಕು. ಸಂಜೆಯ ಹೊತ್ತಿಗೆ ನಲ್ಲಿಯ ಹತ್ತಿರ ಮಾತು ಹಬ್ಬಿತ್ತು: ಮಗುವಿಗೆ ಕೊಟ್ಟ ವಿಷದ ಸೀಸೆಯನ್ನು ಇನ್ನೂ ಮನೆಯಲ್ಲೇ ಇಟ್ಟುಕೊಂಡಿದ್ದಾಳೆ, ತನ್ನ ಬಾಯಿಂದಲೇ ಒಪ್ಪಿಕೊಂಡಳು. ಮಾರನೆಯ ದಿನದಿಂದ ಓಣಿಯ ಮಕ್ಕಳನ್ನು ಯಾರೂ ಈ ಕಿಟಕಿಯ ಕಡೆ ಬಿಡುತ್ತಿಲ್ಲ.