ನಗೆಗೆ ಬಿಟ್ಟ ಜಾಗ

“ಟೊಪ್ಪಿ ತೆಗೆಯೋದು ಬಂತು. ಒಳಗೆ ಇಣುಕಿ ನೋಡೋದೂ ಬಂತು. ಆಮೇಲೆ ಎಷ್ಟು ಹೊತ್ತು ಸುಮ್ನೆ ನಿಂತಿರ್ತೀಯ, ಅದನ್ನ ಹೇಳು ಡೋರಿ,” ಅಂದ ಆಲ್ವಿನ್ ಹೇಗೆಲೆ. ಕಾಫಿ ಕೆಟಲು ಆರದಂತೆ ಮುಚ್ಚುವ ಉಣ್ಣೆಯ ಕುಲಾವಿಯನ್ನು ತಲೆಗೇರಿಸಿಕೊಂಡು ಅವನು ಅಡುಗೆಮನೆಯ ನಟ್ಟನಡುವೆ ನಿಂತಿದ್ದ. ಆರಡಿ ಎತ್ತರದ ಆಳು, ಕುಲಾವಿಯ ತುದಿಯಲ್ಲಿ ಕೆಂಪು ಕುಚ್ಚು. ಬೇರೆ ದಿನವಾಗಿದ್ದರೆ ಯಾರಿಗಾದರೂ ನಗು ಬರುತ್ತಿತ್ತು.

ಡೋರಿ ಟ್ರೆಪ್ ಕುರ್ಚಿ ಬಿಟ್ಟು ಏಳಲಿಲ್ಲ. ಅವನ ಹೆಂಡತಿ ರೆಗೀನಾ, ಆಲ್ವಿನ್ ತಂದಿದ್ದ ಗಸಗಸೆಯ ಕೇಕನ್ನು ಕೊಯ್ಯದೆ ಹಾಗೆಯೇ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದಳು.

“ಸಾವಿನ ಮನೆಗೆ ಬಂದ ಹಾಗೆ ಕೇಕು ಹಿಡ್ಕೊಂಡು ಬಂದಿದ್ದಾರೆ, ನೋಡಿ,” ಅಂದಳು ಗಂಡನಿಗೆ, ಆಲ್ವಿನ್‌ಗೆ ಕೇಳಿಸುವಂತೆ.

“ರೆಗೀನಾ, ನಾನೇನು ಕೇಳ್ಕೊಂಡು ಪಡೆದ ಪಾತ್ರ ಅಲ್ಲ ಇದು. ನಾನು ಮಾಡ್ದೆ ಇದ್ರೆ ಇನ್ನೊಬ್ಬ ಮಾಡ್ತಾನೆ. ನಾನಾದ್ರೆ ಡೋರಿ ಮಾಡಿದ ಹಾಗೇ ಮಾಡ್ತೀನಿ.”

“ಡೋರಿ ಮಾಡಿದ ಹಾಗೆ ಮಾಡೋಕೆ ಡೋರಿನೇ ಇದ್ನಲ್ಲೋ,” ಅಂದ ಡೋರಿ.

ಆಲ್ವಿನ್ ಕುಲಾವಿಯನ್ನು ತಲೆಯಿಂದ ತೆಗೆದ. ಬರ್ಲಿನ್ನಿನಲ್ಲಿ 1933ರ ಆ ಏಪ್ರಿಲ್ ತಿಂಗಳು ಅಂಥ ಮಾತಿಗೆ ಯಾರ ಹತ್ತಿರವೂ ಉತ್ತರವಿರಲಿಲ್ಲ, ಇದ್ದವರು ಬಾಯಿ ಬಿಡುತ್ತಿರಲಿಲ್ಲ. ಸಿನಿಮಾ ಕಂಪನಿಯವರು ತಮ್ಮಲ್ಲಿದ್ದ ಯೆಹೂದಿಗಳನ್ನೆಲ್ಲ ಒಂದೇ ಮಧ್ಯಾಹ್ನ ಮನೆಗೆ ಕಳಿಸಿಬಿಟ್ಟಿದ್ದರು. ಡೋರಿಯ ಹೊಸ ಚಿತ್ರ ಆಗಲೇ ಮುಗಿದಿತ್ತು. ಹಾಡು, ಕುಣಿತ, ಟೈಪಿಸ್ಟ್ ಹುಡುಗಿ, ಅವಳನ್ನು ಪ್ರೀತಿಸುವ ಬ್ಯಾಂಡಿನ ಹುಡುಗ, ಎಲ್ಲ ಸಜ್ಜಾಗಿತ್ತು. ಹೋಟೆಲಿನ ಬಾಗಿಲು ಕಾಯುವವನ ಮುಖ ಮಾತ್ರ ತಪ್ಪು ಮುಖವಾಗಿಬಿಟ್ಟಿತ್ತು. ಉಳಿದವರ ದೃಶ್ಯಗಳನ್ನು ಹಾಗೇ ಇಟ್ಟುಕೊಂಡು ಡೋರಿಯ ತುಣುಕುಗಳನ್ನಷ್ಟೇ ಕತ್ತರಿಸಿ, ಅಲ್ಲಿ ಆಲ್ವಿನ್‌ನನ್ನು ನಿಲ್ಲಿಸಿ ಮತ್ತೆ ತೆಗೆಯಬೇಕೆಂದು ತೀರ್ಮಾನವಾಯಿತು. ಪಾಪ, ಅವರಿಗೂ ಕಷ್ಟವಿತ್ತು. ಸೆಟ್ಟು ಬಿಚ್ಚಿಹಾಕಿದ್ದರು, ಮತ್ತೆ ಕಟ್ಟಬೇಕಿತ್ತು.

ಇಡೀ ಚಿತ್ರದಲ್ಲಿ ಜನ ಕಾದು ಕೂರುವ ದೃಶ್ಯ ಒಂದೇ. ಹುಡುಗಿಯ ಕೋಣೆಯ ಬೀರುವಿನೊಳಗೆ ಇಡೀ ಬ್ಯಾಂಡು ಅವಿತಿರುತ್ತದೆ. ದ್ವಾರಪಾಲಕ ಬಾಗಿಲು ತಟ್ಟುತ್ತಾನೆ. “ಒಳಗೆ ಯಾರಿದ್ದಾರೆ?” “ಯಾರೂ ಇಲ್ಲ, ನಾನೊಬ್ಬಳೇ.” ಅಷ್ಟರಲ್ಲಿ ಬೀರುವಿನೊಳಗೆ ಒಂದು ತುತ್ತೂರಿ ಸೀನುತ್ತದೆ. ದ್ವಾರಪಾಲಕ ಟೊಪ್ಪಿ ತೆಗೆದು, ಸದ್ದು ಅದರೊಳಗಿಂದಲೇ ಬಂತೇನೋ ಎಂಬಂತೆ ಒಳಗೆ ನೋಡುತ್ತಾನೆ. ಸುಮ್ಮನೆ ನಿಲ್ಲುತ್ತಾನೆ. ಮತ್ತೆ ಟೊಪ್ಪಿ ಹಾಕಿಕೊಂಡು ಹೇಳುತ್ತಾನೆ: “ಹಾಗಾದ್ರೆ ಒಂದೇ ಕಾಫಿ ತರ್ತೀನಿ.”

ಇಡೀ ಗುಟ್ಟು ಆ ಸುಮ್ಮನೆ ನಿಲ್ಲುವುದರಲ್ಲಿತ್ತು. ನಾಟಕದಲ್ಲಾದರೆ ನಟ ಜನರನ್ನು ನೋಡಿಕೊಂಡು ನಿಲ್ಲುತ್ತಾನೆ, ನಗು ಇಳಿದ ಮೇಲೆ ಬಾಯಿ ತೆರೆಯುತ್ತಾನೆ. ಸಿನಿಮಾಕ್ಕೆ ಮಾತು ಬಂದ ಮೇಲೆ ಆ ಸೌಕರ್ಯ ಹೋಯಿತು. ಪರದೆ ಯಾರಿಗೂ ಕಾಯುವುದಿಲ್ಲ. ಸ್ಟುಡಿಯೋದಲ್ಲಿ ಒಂದು ಕೆಮ್ಮೂ ಕೇಳಿಸದ ಮೌನದೊಳಗೆ ನಿಂತು, ಮೂರು ತಿಂಗಳಾದ ಮೇಲೆ ಯಾರೋ ಎಲ್ಲೋ ನಗುವ ನಗುವಿಗೆ ಇವತ್ತೇ ಜಾಗ ಬಿಡಬೇಕು. ಕಡಿಮೆ ಬಿಟ್ಟರೆ ಮುಂದಿನ ಮಾತು ನಗೆಯಲ್ಲಿ ಮುಳುಗುತ್ತದೆ, ಹೆಚ್ಚು ಬಿಟ್ಟರೆ ನಟ ಮಾತು ಮರೆತ ದಡ್ಡನಂತೆ ಕಾಣುತ್ತಾನೆ. ರಂಗದ ಮೇಲೆ ಹುಲಿಗಳಾಗಿದ್ದ ಎಷ್ಟೋ ಮಂದಿ ಈ ಹಳ್ಳಕ್ಕೇ ಬಿದ್ದರು.

ಡೋರಿ ಬೀಳಲಿಲ್ಲ. ಅವನಿಗೊಂದು ಅಳತೆ ಇತ್ತು. ಚಿಕ್ಕಂದಿನಲ್ಲಿ ಶುಕ್ರವಾರದ ಸಂಜೆ ಅವನ ಅಜ್ಜ ರೊಟ್ಟಿಯ ಮೇಲೆ ಕೈಯಿಟ್ಟು, ಮುರಿಯುವ ಮುಂಚೆ ಹೀಬ್ರೂವಿನಲ್ಲಿ ಒಂದೇ ಸಾಲಿನ ಮಂತ್ರ ಹೇಳುತ್ತಿದ್ದ. ಹಸಿದ ಮಕ್ಕಳು ತಡೆದುಕೊಳ್ಳಬಹುದಾದಷ್ಟೇ ಉದ್ದದ ಸಾಲು. ಡೋರಿ ಪ್ರಾರ್ಥನಾ ಮಂದಿರದ ಹೊಸ್ತಿಲು ತುಳಿದು ಇಪ್ಪತ್ತು ವರ್ಷ ದಾಟಿತ್ತು, ಹಂದಿಯ ಸಾಸೇಜು ಅವನಿಗೆ ಬಲು ಇಷ್ಟ. ಆದರೆ ಕ್ಯಾಮೆರಾದ ಮುಂದೆ ಟೊಪ್ಪಿ ತೆಗೆದಾಗಲೆಲ್ಲ ಮನಸ್ಸಿನಲ್ಲೇ ಆ ಸಾಲು ಹೇಳಿಕೊಳ್ಳುತ್ತಿದ್ದ. ಅದು ಮುಗಿಯುವುದಕ್ಕೂ ನಗು ಇಳಿಯುವುದಕ್ಕೂ ಸರಿಹೋಗುತ್ತಿತ್ತು. ಈ ವಿಷಯ ರೆಗೀನಾಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವನ ಹತ್ತಿರ ಈಗ ಉಳಿದಿದ್ದ ಆಸ್ತಿಯೆಂದರೆ ಅದೊಂದೇ, ಅದನ್ನೇ ಕೇಳಲು ಆಲ್ವಿನ್ ಬಂದಿದ್ದ.

ಇಬ್ಬರೂ ಹಾಡು, ಹಾಸ್ಯ ನಡೆಯುವ ನೆಲಮಾಳಿಗೆಯ ಕ್ಯಾಬರೆಯೊಂದರಲ್ಲಿ ಹನ್ನೆರಡು ವರ್ಷ ಜೋಡಿಯಾಗಿದ್ದವರು. ಆಲ್ವಿನ್ ಕಪಾಳಕ್ಕೆ ಹೊಡೆಸಿಕೊಳ್ಳುತ್ತಿದ್ದ, ಡೋರಿ ನಗು ಗಿಟ್ಟಿಸುತ್ತಿದ್ದ. ಆಲ್ವಿನ್ ಕೆಟ್ಟವನಲ್ಲ, ಹೆದರುಪುಕ್ಕಲ. ಸಭೆಯಲ್ಲಿ ಒಂದು ಕ್ಷಣ ಸದ್ದಡಗಿದರೆ ಸಾಕು, ಗಾಬರಿಯಿಂದ ಮುಂದಿನ ಮಾತು ಒದರಿಬಿಡುತ್ತಿದ್ದ.

“ನಿನ್ನೆ ನಾಲ್ಕು ಸಲ ತೆಗೆದ್ರು, ನಾಲ್ಕೂ ಕೆಟ್ಟೋಯ್ತು,” ಅಂದ ಆಲ್ವಿನ್. ಕುಲಾವಿಯನ್ನು ಕೈಯಲ್ಲಿ ಹಿಂಡುತ್ತಿದ್ದ. “ಹೊಸ ನಿರ್ದೇಶಕನಿಗೆ ಏನೂ ಗೊತ್ತಿಲ್ಲ ಕಣೋ. ಹಲ್ಲುಪುಡಿ ಜಾಹೀರಾತು ತೆಗೀತಿದ್ದವನು. ‘ಟ್ರೆಪ್ ಹೇಗೆ ಮಾಡಿದ್ನೋ ಹಾಗೇ ಮಾಡಿ’ ಅಂತಾನೆ, ಆಮೇಲೆ ಆ ಹೆಸರು ಹೇಳಿದ್ದಕ್ಕೆ ತಾನೇ ಹೆದ್ರಿ ಅತ್ತ ಇತ್ತ ನೋಡ್ತಾನೆ. ನಾಳೆನೂ ಆಗ್ಲಿಲ್ಲ ಅಂದ್ರೆ ನನ್ನನ್ನೂ ತೆಗೆದು ಹಾಕ್ತಾರೆ. ನೀನು ಮನಸ್ಸಲ್ಲಿ ಏನೋ ಹೇಳ್ಕೋತೀಯ ಅಂತ ನಂಗೊತ್ತು. ಹನ್ನೆರಡು ವರ್ಷ ಪಕ್ಕದಲ್ಲಿ ನಿಂತಿದ್ದೀನಿ. ಏನದು?”

ಡೋರಿ ಹೆಂಡತಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು, ಬೇಡ ಎಂದು.

“ಪ್ರಾರ್ಥನೆ,” ಅಂದ ಡೋರಿ.

“ನೀನು? ಪ್ರಾರ್ಥನೆ?”

“ನಿಮ್ಮದೇ. ‘ಪರಲೋಕದಲ್ಲಿರುವ ನಮ್ಮ ತಂದೆಯೇ.’ ಶಾಲೇಲಿ ದಿನಾ ಬೆಳಿಗ್ಗೆ ನೀವೆಲ್ಲ ಹೇಳ್ತಿದ್ರಿ, ನಾನು ಹಿಂದಿನ ಬೆಂಚಲ್ಲಿ ಕೂತು ಕೇಳ್ತಿದ್ದೆ. ಮೊದಲಿಂದ ಕೊನೇವರ್ಗೂ ಹೇಳ್ಕೋಬೇಕು, ಆಮೆನ್ ತನಕ. ನುಂಗಿ ನುಂಗಿ ಅಲ್ಲ. ಚರ್ಚಲ್ಲಿ ಹೇಳೋ ಹಾಗೆ, ನಿಧಾನಕ್ಕೆ.”

ಆಲ್ವಿನ್ ಕುಲಾವಿ ಹಾಕಿಕೊಂಡು, ತೆಗೆದು, ಒಳಗೆ ನೋಡಿ, ನಿಂತ. ನಿಂತೇ ನಿಂತ. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಕೆಳಗಿನ ಅಂಗಳದಲ್ಲಿ ಯಾರೋ ರತ್ನಗಂಬಳಿ ಬಡಿಯುತ್ತಿದ್ದರು. ಅವನು ಪ್ರಾರ್ಥನೆಯ ನಡುವೆ ಎಲ್ಲೋ ಇರುವಾಗಲೇ ರೆಗೀನಾ ನೋಡಲಾರದೆ ಕಿಟಕಿಯ ಕಡೆ ತಿರುಗಿಕೊಂಡಳು.

“ಹಾಗಾದ್ರೆ ಒಂದೇ ಕಾಫಿ ತರ್ತೀನಿ,” ಅಂದ ಆಲ್ವಿನ್ ಕಡೆಗೂ. “ಜಾಸ್ತಿ ಆಗ್ಲಿಲ್ವಾ?”

“ಅದೇ ನಿನ್ನ ರೋಗ ಕಣೋ. ಒಂಚೂರು ಸದ್ದು ನಿಂತ್ರೆ ಜೀವ ಬಾಯಿಗೆ ಬರುತ್ತೆ ನಿಂಗೆ. ಆಮೆನ್ ತನಕ.”

ಆಲ್ವಿನ್ ಅವನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ಕಣ್ಣಲ್ಲಿ ನೀರಿತ್ತು. ಅವನು ಮೆಟ್ಟಿಲಿಳಿದು ಹೋದ ಮೇಲೂ ಡೋರಿ ಕೆನ್ನೆ ಒರೆಸಿಕೊಳ್ಳುತ್ತಲೇ ಇದ್ದ.

“ಅಷ್ಟು ಹೊತ್ತಲ್ಲಿ ಜನ ಮನೆಗೆ ಹೋಗಿ ಉಂಡು ಬರ್ತಾರೆ,” ಅಂದಳು ರೆಗೀನಾ.

“ಬರ್ಲಿ. ಬಂದು ಅವನ ಮುಖಕ್ಕೆ ಉಗೀಲಿ.”

“ಇದರಿಂದ ನಮಗೇನು ಬಂತು?”

“ಏನು ಬಂತಾ? ಚಿತ್ರ ಮಲಗತ್ತೆ. ಮಲಗಿದ್ ಮೇಲೆ ಗೊತ್ತಾಗತ್ತೆ ಅವರಿಗೆ, ಟ್ರೆಪ್ ಅಂದ್ರೆ ಏನು ಅಂತ. ಬೇರೆ ಹೆಸರಿಟ್ಟು, ಮೀಸೆ ಅಂಟಿಸಿಯಾದ್ರೂ ಕರೀತಾರೆ ನೋಡ್ತಿರು. ಗಲ್ಲಾಪೆಟ್ಟಿಗೆಗೆ ಜಾತಿ ಇಲ್ಲ ಕಣೇ.”

“ನಿಮ್ಮನ್ನ ಮನೆಗೆ ಕಳಿಸಿದ್ದು ಜನ ನಗಲಿಲ್ಲ ಅಂತಲ್ಲ ರೀ,” ಅಂದಳು ರೆಗೀನಾ. ಡೋರಿಗೆ ಆ ಮಾತು ಕೇಳಿಸಿತು, ಆದರೆ ಒಳಗೆ ಇಳಿಯಲಿಲ್ಲ.

ರೆಗೀನಾಳ ಅಣ್ಣ ಗಡಿಯಾಚೆ ವಿಯೆನ್ನಾದಲ್ಲಿದ್ದ. ಅಲ್ಲಿನ ಒಂದು ಸಣ್ಣ ಕ್ಯಾಬರೆಯಲ್ಲಿ ಡೋರಿಗೆ ಜಾಗ ಗೊತ್ತುಮಾಡಿ, ಮೇ ತಿಂಗಳೊಳಗೆ ಬಂದುಬಿಡಿ ಎಂದು ಹೇಳಿಕಳಿಸಿದ್ದ. ನಡುಮನೆಯಲ್ಲಿ ದೊಡ್ಡ ಪೆಟ್ಟಿಗೆ ಅರ್ಧ ತುಂಬಿ, ಬಾಯಿ ತೆರೆದುಕೊಂಡು ಬಿದ್ದಿತ್ತು. ಆದರೆ ಆಲ್ವಿನ್ ಬಂದುಹೋದ ದಿನದಿಂದ ಡೋರಿ ಅದಕ್ಕೆ ಒಂದು ಕಾಲುಚೀಲವನ್ನೂ ಹಾಕಲಿಲ್ಲ. ಚಿತ್ರ ತೆರೆ ಕಾಣಲಿ, ಆಮೇಲೆ ನೋಡೋಣ ಅನ್ನುತ್ತಿದ್ದ. ಬೆಳಿಗ್ಗೆ ಗಡ್ಡ ಹೆರೆಯುವಾಗ ಸಿಳ್ಳೆ ಹಾಕುತ್ತಿದ್ದ. ಬೀದಿಯಲ್ಲಿ ಪರಿಚಯದವರು ರಸ್ತೆ ದಾಟಿ ಆ ಬದಿಗೆ ಹೋದರೂ ತಾನೇ ಹ್ಯಾಟು ಎತ್ತುತ್ತಿದ್ದ. ಕಾಯುವುದರಲ್ಲಿ ಪಳಗಿದವನಲ್ಲವೇ, ಕಾದ. ಮೇ ಕಳೆಯಿತು. ವಿಯೆನ್ನಾದ ಜಾಗಕ್ಕೆ ಇನ್ನೊಬ್ಬ ಬಂದ. ಆ ಸುದ್ದಿ ಬಂದ ದಿನ ರೆಗೀನಾ ಪೆಟ್ಟಿಗೆಯ ಮುಚ್ಚಳ ಮುಚ್ಚಿ ಅದರ ಮೇಲೆ ಇಸ್ತ್ರಿ ಮಾಡುವ ಬಟ್ಟೆ ರಾಶಿ ಹಾಕಿದಳು.

ಜೂನಿನಲ್ಲಿ ಚಿತ್ರ ಮೂಲೆಯ ಥಿಯೇಟರಿಗೆ ಬಂತು. ಭಾನುವಾರ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋದರು. ದೀಪ ಆರಿದ ಮೇಲೆ ಒಳಹೊಕ್ಕು ಕೊನೆಯ ಸಾಲಿನಲ್ಲಿ ಕೂತರು. ಮೊದಲು ವಾರ್ತಾಚಿತ್ರ, ಕವಾಯಿತು, ಬಾವುಟ, ಚಪ್ಪಾಳೆ. ಆಮೇಲೆ ಹೆಸರುಗಳು. ಡೋರಿ ತನ್ನ ಹೆಸರನ್ನು ಹುಡುಕಲಿಲ್ಲ ಅಂದರೆ ಸುಳ್ಳಾಗುತ್ತದೆ.

ಮೊದಲ ಹಾಡಿಗೇ ಜನ ಕಾಲು ಕುಣಿಸತೊಡಗಿದರು. ಹುಡುಗಿ ಚೆಲುವೆ, ಹುಡುಗ ಚುರುಕು, ಎಲ್ಲರಿಗೂ ಕೆಲಸ ಸಿಕ್ಕುವ, ಯಾರೂ ಹಸಿಯದ ಊರು ಅದು. ಕಡೆಗೆ ಬಾಗಿಲು ತಟ್ಟುವ ಸದ್ದು. ಹುಡುಗಿ “ನಾನೊಬ್ಬಳೇ” ಅಂದಳು. ತುತ್ತೂರಿ ಸೀನಿತು. ಜನ ನಕ್ಕರು. ಆಲ್ವಿನ್ ಟೊಪ್ಪಿ ತೆಗೆದು ಒಳಗೆ ನೋಡಿದ. ಮತ್ತೆ ನಕ್ಕರು. ಡೋರಿ ಕತ್ತಲಲ್ಲಿ, ತಾನೇ ಅಲ್ಲಿ ನಿಂತಿರುವಂತೆ, ಅಜ್ಜನ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡ. ಸಾಲು ಮುಗಿಯಿತು, ನಗು ಇಳಿಯಿತು. ಕಾಫಿಯ ಮಾತು ಬರಬೇಕಾದದ್ದು ಇಲ್ಲೇ.

ಬರಲಿಲ್ಲ. ಆಲ್ವಿನ್ ನಿಂತಿದ್ದ. ಥಿಯೇಟರು ತಣ್ಣಗಾಯಿತು. ಯಾರೋ ಕೆಮ್ಮಿದರು. “ಅಮ್ಮಾ, ಸೌಂಡು ಹೋಯ್ತಾ?” ಎಂದು ಒಂದು ಮಗು ಕೇಳಿತು. ಒಬ್ಬಿಬ್ಬರು ತಿರುಗಿ ಪ್ರೊಜೆಕ್ಟರಿನ ಕಿಂಡಿಯ ಕಡೆ ನೋಡಿದರು.

“ಬಿದ್ದ,” ಅಂದ ಡೋರಿ, ರೆಗೀನಾಳ ಕೈ ಹಿಸುಕಿ. “ಬಿದ್ದ ನೋಡು.” ಮೂರು ತಿಂಗಳಲ್ಲಿ ಅವನು ಅಷ್ಟು ಸುಖಪಟ್ಟಿರಲಿಲ್ಲ.

ಪರದೆಯ ಮೇಲಿನ ಮುಖ ಇನ್ನೂ ಟೊಪ್ಪಿಯೊಳಗೇ ನೋಡುತ್ತಿತ್ತು. ತುಟಿಗಳು ಸಣ್ಣಗೆ ಅಲ್ಲಾಡುತ್ತಿದ್ದವು. ಮನಸ್ಸಿನಲ್ಲಿ ಹೇಳಿಕೋ ಅಂದರೆ ಈ ಪೆದ್ದ ತುಟಿಯಲ್ಲಿ ಹೇಳುತ್ತಿದ್ದ. ಹಣೆಯ ಮೇಲೆ ಬೆವರು ಹೊಳೆಯಿತು. ಎದುರಿನ ಸಾಲಿನಲ್ಲಿದ್ದ ದಪ್ಪ ಕತ್ತಿನ ಗಂಡಸೊಬ್ಬ ಮೂಗಿನಲ್ಲಿ ಪುಸಕ್ಕೆಂದ. ಅವನ ಪಕ್ಕದವಳು ಕಿಸಕ್ಕೆಂದಳು. ಆಮೇಲೆ ಒಂದೊಂದೇ ಸಾಲು. ಅವನು ನಿಂತಷ್ಟೂ ನಕ್ಕರು, ನಕ್ಕಷ್ಟೂ ಅವನು ನಿಂತ. ಹೊಟ್ಟೆ ಹಿಡಿದುಕೊಂಡರು, ಕುರ್ಚಿಯ ಬೆನ್ನು ಬಡಿದರು, ಮೊದಲ ಸಾಲಿನಲ್ಲಿ ಒಬ್ಬ ಎದ್ದು ನಿಂತು ಉಸಿರಿಗೆ ಒದ್ದಾಡಿದ. ಅಂಥ ನಗು ಡೋರಿಗೆ ಹುಟ್ಟಿದಂದಿನಿಂದ ಒಮ್ಮೆಯೂ ಸಿಕ್ಕಿರಲಿಲ್ಲ.

ಅವನೊಬ್ಬ ನಗದೆ ಆಲ್ವಿನ್‌ನ ತುಟಿ ನೋಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಕೂತು ಕಲಿತ ಮಾತುಗಳು, ಒಂದೂ ಮರೆತಿರಲಿಲ್ಲ. ‘ಕೇಡಿನಿಂದ ನಮ್ಮನ್ನು ತಪ್ಪಿಸು’ ಎಂಬಲ್ಲಿ ಆಲ್ವಿನ್‌ನ ಕಣ್ಣು ಒಮ್ಮೆ ಟೊಪ್ಪಿಯಿಂದ ಮೇಲೆದ್ದು, ಕ್ಯಾಮೆರಾದ ಆಚೆ ನಿಂತ ಯಾರನ್ನೋ ನೋಡಿ, ಮತ್ತೆ ಕೆಳಗಿಳಿಯಿತು. ಅದು ನಟನೆಯಾಗಿರಲಿಲ್ಲ. ಡೋರಿ ಅವನ ನಟನೆಯನ್ನು ಹನ್ನೆರಡು ವರ್ಷ ಕಂಡವನು.

ಆಮೆನ್. ನಗು ಸರಿಯಾಗಿ ಅಲ್ಲಿಗೇ ಇಳಿದಿತ್ತು. “ಹಾಗಾದ್ರೆ ಒಂದೇ ಕಾಫಿ ತರ್ತೀನಿ,” ಅಂದ ಆಲ್ವಿನ್. ಒಂದಕ್ಷರವೂ ಮುಳುಗಲಿಲ್ಲ.

ಡೋರಿ ಪಕ್ಕಕ್ಕೆ ತಿರುಗಿದ. ರೆಗೀನಾ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದಳು, ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡ.

ಆಟ ಮುಗಿದು ಇಬ್ಬರೂ ಮನೆಯ ದಾರಿ ಹಿಡಿದರು.

“ನೀನೂ ನಕ್ಕೆ,” ಅಂದ ಡೋರಿ.

“ಹೌದು ರೀ. ತಡ್ಕೊಳ್ಳೋಕೆ ಆಗ್ಲಿಲ್ಲ.” ಸ್ವಲ್ಪ ದೂರ ನಡೆದ ಮೇಲೆ ಅವಳೇ ಅಂದಳು, “ಅದಕ್ಕೋಸ್ಕರ ವಿಯೆನ್ನಾ ಕಳ್ಕೊಂಡ್ವಿ.”

ಮನೆಯ ಹೆಬ್ಬಾಗಿಲಲ್ಲಿ, ಕಟ್ಟಡ ನೋಡಿಕೊಳ್ಳುವ ಕೂಲ್ಕೆಯಮ್ಮ ಮೆಟ್ಟಿಲು ಗುಡಿಸುತ್ತಿದ್ದಳು. ಬಾಯಿ ಜೋರು, ಮನಸ್ಸಿನಲ್ಲಿ ವಿಷವಿಲ್ಲ. ಇವರನ್ನು ಕಂಡರೆ ಇನ್ನೂ ಮಾತಾಡಿಸುತ್ತಿದ್ದ ನಾಲ್ಕೈದು ಮಂದಿಯಲ್ಲಿ ಅವಳೂ ಒಬ್ಬಳು.

“ಓಹೋ, ಸಿನಿಮಾಕ್ಕಾ? ನಾವು ನಿನ್ನೆನೇ ಹೋಗಿದ್ವಿ. ಅಯ್ಯೋ, ಆ ಟೊಪ್ಪಿ!” ಅವಳು ತಲೆವಸ್ತ್ರ ಬಿಚ್ಚಿ, ಕೈಯಲ್ಲಿ ಹಿಡಿದು, ಅದರೊಳಗೆ ನೋಡುತ್ತ ತುಟಿ ಪಿಟಿಪಿಟಿ ಅನ್ನಿಸಿದಳು. ಆಮೇಲೆ ತನಗೆ ತಾನೇ ನಕ್ಕು ಕಣ್ಣೊರೆಸಿಕೊಂಡಳು. “ನನ್ನ ಯಜಮಾನ್ರು ಬೆಳಗಿಂದ ಅದೇ ಮಾಡ್ತಿದ್ದಾರೆ. ಬೇಜಾರು ಮಾಡ್ಕೋಬೇಡಿ ಟ್ರೆಪ್ ಅವರೇ, ನಿಮ್ಮನ್ನೂ ಎಷ್ಟೋ ಸಲ ನೋಡಿದ್ದೀನಿ, ಚೆನ್ನಾಗೇ ಮಾಡ್ತಿದ್ರಿ. ಆದ್ರೆ ನಿಮ್ಮದು ಯಾವಾಗ್ಲೂ ಒಂಚೂರು ಅವಸರ. ಕಾಯೋದು ಅಂದ್ರೆ ಹೇಗೆ ಅಂತ ಆ ಮನುಷ್ಯನ್ನ ನೋಡಿ ಕಲೀಬೇಕು.”

ರೆಗೀನಾ ನಿಲ್ಲದೆ ಮೇಲೆ ಹತ್ತಿಹೋದಳು. ಸ್ವಲ್ಪ ಹೊತ್ತಿನಲ್ಲೇ ಮೂರನೆಯ ಮಹಡಿಯಲ್ಲಿ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆಯುವ ಸದ್ದು ಕೇಳಿಸಿತು.

ಡೋರಿ ಮರ್ಯಾದೆಗೆಂದು ಹ್ಯಾಟು ತೆಗೆದಿದ್ದ. ಏನಾದರೂ ಒಂದು ಮಾತು ಹೇಳಿ ಅದನ್ನು ಮತ್ತೆ ತಲೆಗೇರಿಸಿಕೊಂಡು ಒಳಗೆ ಹೋಗಬೇಕಿತ್ತು. ಮಾತು ಹೊಳೆಯಲಿಲ್ಲ. ಹ್ಯಾಟಿನೊಳಗಿನ ಅಸ್ತರಿನಲ್ಲಿ ಬೆವರಿನ ಕಲೆ ಉಂಗುರದಂತೆ ಕೂತಿತ್ತು, ಅದನ್ನೇ ನೋಡುತ್ತ ನಿಂತ.

ಕೂಲ್ಕೆಯಮ್ಮ ಗುಡಿಸುವುದನ್ನು ನಿಲ್ಲಿಸಿದಳು. ಪೊರಕೆಯ ಹಿಡಿಗೆ ಗದ್ದ ಊರಿ, ಮುಖ ಅರಳಿಸಿಕೊಂಡು, ನಗುವುದಕ್ಕೆ ಸಿದ್ಧಳಾಗಿ ಕಾಯುತ್ತಿದ್ದಳು.