ಭಾರ ಹೊರದ ಉಕ್ಕು

ಐವತ್ತರ ದಶಕದ ಚಿಕಾಗೋದಲ್ಲಿ ವಾಸ್ತುಶಿಲ್ಪಿ ಲೀಲ್ಯಾಂಡ್ ಬ್ರುಕ್ನರ್‌ಗೆ ಹೆಸರು ತಂದದ್ದು ಅವನ ಕಟ್ಟಡಗಳಿಗಿಂತ ಹೆಚ್ಚಾಗಿ ಅವನ ಒಂದು ಮಾತು: "ಭಾರ ಹೊರದ ಯಾವುದಕ್ಕೂ ಕಟ್ಟಡದಲ್ಲಿ ಜಾಗವಿಲ್ಲ." ಆ ಮಾತಿನ ಬಲದಿಂದಲೇ ಅವನು ಹಳೆಯ ಬ್ಯಾಂಕುಗಳ ಕಲ್ಲಿನ ಹೂಬಳ್ಳಿ ಕೀಳಿಸಿದ್ದ, ಕಂಬಗಳ ತಲೆ ಬೋಳಿಸಿದ್ದ, ಕಾಲೇಜುಗಳಲ್ಲಿ ಭಾಷಣ ಮಾಡಿ ಅಲಂಕಾರ ಎಂಬ ಪದವನ್ನೇ ಬೈಗುಳವಾಗಿಸಿದ್ದ. ವಯಸ್ಸು ಅರವತ್ತು ಸಮೀಪಿಸಿದಾಗ ಕೊನೆಗೂ ಮೊದಲ ಗಗನಚುಂಬಿ ಕೈಗೆ ಬಂತು. ಕಟ್ಟಿಸುವವಳು ಬೆಂಕಿ ವಿಮೆ ಕಂಪನಿಯ ಒಡತಿ ಓಪಲ್ ಸ್ಟಾಡ್ಲರ್. ಗಂಡ ಸತ್ತ ಮೇಲೆ ಕಂಪನಿಯನ್ನು ಅವನಿಗಿಂತ ಬಿಗಿಯಾಗಿ ನಡೆಸುತ್ತಿದ್ದ ಮುದುಕಿ.

ಕಟ್ಟಡದ ಪುಟ್ಟ ಮಾದರಿ ನೋಡಲು ಅವನ ಕಚೇರಿಗೆ ಬಂದವಳು, ಗಾಜಿನ ಗೋಡೆಯ ಹೊರಗೆ ತುದಿಯಿಂದ ಬುಡದವರೆಗೆ ಅಂಟಿಸಿದ್ದ ಉಕ್ಕಿನ ಪಟ್ಟಿಗಳ ಮೇಲೆ ಬೆರಳಿಟ್ಟಳು.

"ಇವು ಏನು ಹೊರ್ತವೆ?"

"ಕಟ್ಟಡದ ಎಲುಬನ್ನ ತೋರಿಸ್ತವೆ, ಮೇಡಂ."

"ಎಲುಬು ಒಳಗಿರುತ್ತಲ್ಲಪ್ಪ. ಬೆಂಕಿಗೆ ಉಕ್ಕು ಬಾಗುತ್ತೆ ಅಂತ ಅದಕ್ಕೆ ಕಾಂಕ್ರೀಟ್ ಹೊದಿಸಿ ಮುಚ್ಚಿರ್ತೀರಿ. ಬೆಂಕಿ ವಿಮೆಯವಳಿಗೆ ಇದನ್ನ ಹೇಳಿಕೊಡ್ಬೇಡ. ಈ ಹೊರಗಿನವು ಏನು ಹೊರ್ತವೆ ಹೇಳು."

"ಒಳಗಿನ ಸತ್ಯವನ್ನ."

"ಎಷ್ಟಿರುತ್ತೆ ಅದರ ತೂಕ?"

ಅವನ ಪಾಲುದಾರ ಗಸ್ ಪೆಟ್ರಾಕೊಸ್‌ಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

"ಏನೂ ಹೊರದಿದ್ರೆ ತೆಗೆದುಬಿಡು, ನಿನ್ನದೇ ಮಾತು," ಎಂದಳು ಓಪಲ್. "ಅಲಂಕಾರಕ್ಕೆ ಅಂತ ಬಾಯ್ಬಿಟ್ಟು ಹೇಳಿದ್ಯೋ, ಇಟ್ಕೋ. ನನ್ನ ಟೋಪಿ ಮೇಲೂ ಚೆರ್ರಿ ಹಣ್ಣಿದೆ, ಅದೇನು ನನ್ನ ತಲೆ ಹೊರ್ತಿದೆಯಾ? ಊಟ ಮಾಡಿ ಬರ್ತೀನಿ."

ಅವಳು ಹೋದ ಮೇಲೆ ಬ್ರುಕ್ನರ್ ಪಟ್ಟಿಗಳನ್ನು ಒಂದೊಂದಾಗಿ ಕಿತ್ತ. ಅಷ್ಟು ಹೊತ್ತು ಗೋಡೆಯ ಮೇಲೆ ಸಣ್ಣ ಸಣ್ಣ ನೆರಳು ಬೀಳಿಸಿ ಗೋಪುರವನ್ನು ಎತ್ತರಕ್ಕೆ ಎಳೆಯುತ್ತಿದ್ದವು ಅವೇ. ಈಗ ಎತ್ತರವೂ ಇಲ್ಲ, ನೆರಳೂ ಇಲ್ಲ.

"ಫ್ರಿಜ್ಜು," ಎಂದ ಗಸ್. "ಒಳಗೆ ಹಾಲಿದೆಯಾ ನೋಡ್ಲಾ?"

"ಬಾಯ್ಮುಚ್ಚೋ."

"ಒಂದು ಪದ, ಲೀಲ್ಯಾಂಡ್. ಹೇಳಿದ್ರೆ ನಾಲಿಗೆ ಬಿದ್ದುಹೋಗಲ್ಲ."

ಓಪಲ್ ಮರಳಿದಾಗ ಪಟ್ಟಿಗಳು ಸ್ವಸ್ಥಾನದಲ್ಲಿದ್ದವು, ಅಂಟು ಇನ್ನೂ ಹಸಿ.

"ಅಲಂ..." ಎಂದ ಬ್ರುಕ್ನರ್.

"ಕಿವಿ ಮಂದ ನಂಗೆ."

"ಅಲಂಕಾರ!"

ಹೊರಗಿನ ಕೋಣೆಯಲ್ಲಿ ಟೈಪ್‌ರೈಟರುಗಳ ಸದ್ದು ನಿಂತಿತು.

"ನೋಡು, ಹೇಳಿಯೂ ಬದುಕಿದ್ದೀಯ," ಎಂದು ಓಪಲ್ ಕುರ್ಚಿ ಎಳೆದುಕೊಂಡಳು. "ಹಾಗಾದ್ರೆ ನಮ್ಮ ಕಂಪನಿ ಗುರುತನ್ನೂ ಇಡಬಹುದು. ಬೆಂಕಿ ಆರಿಸೋರ ಜೊತೆ ಓಡೋ ಚುಕ್ಕೆ ನಾಯಿ. ಬಾಗಿಲ ಮೇಲೆ, ಕುದುರೆ ಗಾತ್ರದ್ದು."

ಬ್ರುಕ್ನರ್‌ನ ಮುಖ ಸುಣ್ಣವಾಯಿತು. ಅಲಂಕಾರಕ್ಕೆ ಒಮ್ಮೆ ಬಾಗಿಲು ತೆರೆದರೆ ಏನೆಲ್ಲ ಒಳನುಗ್ಗುತ್ತದೆ ಎಂದು ಅವನಿಗೆ ಆಗ ಹೊಳೆಯಿತು. ಅದರ ಹಿಂದೆಯೇ ಇನ್ನೊಂದೂ ಹೊಳೆಯಿತು.

"ಬಾಗಿಲ ಮೇಲೆ ಬೇಡ ಮೇಡಂ, ಬಾಗಿಲಲ್ಲೇ ಇರಲಿ. ಬಾಗಿಲ ಹಿಡಿಕೆ ಮಾಡ್ತೀನಿ, ಕಂಚಿಂದು. ಅದನ್ನ ಹಿಡಿದು ಎಳೆದ್ರೇ ಜನ ಒಳಗೆ ಬರೋದು. ಅಂದ್ರೆ ನಾಯಿ ಕೆಲಸ ಮಾಡುತ್ತೆ."

"ಕಳ್ಳ. ನಾಯಿನ ಎಲ್ಲಿ ಹಿಡಿಯೋದು?"

"ಬೆನ್ನು."

"ಬಾಲ," ಎಂದಳು ಅವಳು. ಚೌಕಾಸಿ ಅಲ್ಲಿಗೆ ಮುಗಿಯಿತು.

ಗೋಪುರ ಎದ್ದಾಗ ಪತ್ರಿಕೆಗಳು ಹೊರಗಿನ ಉಕ್ಕಿನ ಪಟ್ಟಿಗಳ ಪ್ರಾಮಾಣಿಕತೆಯನ್ನು ಕೊಂಡಾಡಿದವು. ಬ್ರುಕ್ನರ್ ಯಾರನ್ನೂ ತಿದ್ದಲಿಲ್ಲ. ಉದ್ಘಾಟನೆಯ ದಿನ, ಮೇಯರ್ ಎದುರಲ್ಲೇ, ಕೈಗವಸು ಕಳಚಿ ನಾಯಿಯ ಬಾಲಕ್ಕೆ ಕೈ ಹಾಕಿದ.

"ಮೆಲ್ಲಗಪ್ಪಾ," ಎಂದಳು ಓಪಲ್ ಬೆನ್ನ ಹಿಂದಿನಿಂದ. "ಕಚ್ಚೀತು."